ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಶನಿವಾರದ ಬೆಳಗ್ಗೆ ಕಾರ್ಖಾನೆ ಕಚೇರಿಗಳನ್ನು ಬಿಟ್ಟು ಇಲ್ಲಿಗೆ ಬಂದಿರುವ ಮಿತ್ರರೇ,

'ಸಿಸ್ಟಮ್ಮೇ ಸರಿ ಇಲ್ಲ' ಎಂಬ ಮಾತನ್ನು ಜೀವನದಲ್ಲಿ ಒಮ್ಮೆಯೂ ಆಡದವರು ಈ ಸಭಾಂಗಣದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಬೇಕು. ಯಾರೂ ಎತ್ತಲಿಲ್ಲ, ನಾನೂ ಎತ್ತಿಲ್ಲ. ಸರಕು ತುಂಬಿದ ಲಾರಿ ಗೇಟಿನಲ್ಲೇ ನಿಂತಾಗ, ಕಚೇರಿಯ ಕಿಟಕಿಯಲ್ಲಿ 'ಸರ್ವರ್ ಡೌನ್, ನಾಳೆ ಬನ್ನಿ' ಎಂದಾಗ ನಮ್ಮ ಬಾಯಿಗೆ ತಾನಾಗಿಯೇ ಬರುವ ಮಾತು ಅದು. ಆದರೆ ಒಂದು ಸಂಗತಿಯನ್ನು ಗಮನಿಸಿ. ಆ ಮಾತನ್ನು ಆಡುವಾಗ ನಮ್ಮ ಮನಸ್ಸಿನಲ್ಲಿರುವ ಸಿಸ್ಟಮ್ಮಿನೊಳಗೆ ಎಲ್ಲರೂ ಇರುತ್ತಾರೆ, ನಾವೊಬ್ಬರು ಮಾತ್ರ ಇರುವುದಿಲ್ಲ. ಸಂಸ್ಥೆಗಳಿಗೆ ಸಲಹೆ ಹೇಳುವುದನ್ನೇ 22 ವರ್ಷಗಳಿಂದ ಕಸುಬಾಗಿ ಮಾಡಿಕೊಂಡು ಬಂದಿರುವ ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಮುಖ್ಯಸ್ಥನಾಗಲಿ, ಅವನು ಕರೆಸುವ ಸಲಹೆಗಾರನಾಗಲಿ, ತಾನು ದೂರುತ್ತಿರುವ ವ್ಯವಸ್ಥೆಯ ಒಳಗೇ ನಿಂತಿರುತ್ತಾನೆ, ಮತ್ತು ಬಹಳ ಸಲ ಅದನ್ನು ಕಟ್ಟಿದವನೂ ಅವನೇ ಆಗಿರುತ್ತಾನೆ.

ವ್ಯವಸ್ಥಾ ಚಿಂತನೆ, ಅಂದರೆ ಬಿಡಿ ಮನುಷ್ಯನನ್ನಷ್ಟೇ ನೋಡದೆ ಭಾಗಗಳು ಒಂದರ ಮೇಲೊಂದು ಮಾಡುವ ಪರಿಣಾಮವನ್ನು ನೋಡುವ ರೀತಿ; ಅದರ ಪೂರ್ತಿ ವ್ಯಾಖ್ಯೆ ಕಳೆದ ಎರಡು ಉಪನ್ಯಾಸಗಳಲ್ಲಿ ಆಗಿಹೋಗಿದೆ. ಅದನ್ನು ಮತ್ತೆ ಹೇಳಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸುವುದಿಲ್ಲ. ನೇರವಾಗಿ ಒಂದು ಕಾರ್ಖಾನೆಗೆ ಹೋಗೋಣ.

ಪೀಣ್ಯದಲ್ಲಿ ಹೈಡ್ರಾಲಿಕ್ ಪಂಪುಗಳಿಗೆ ಶಾಫ್ಟು, ಗೇರುಗಳನ್ನು ಮಾಡಿಕೊಡುವ ಒಂದು ಘಟಕ. ಹೆಸರು ಬೇಡ. ಅದರ ಮಾಲೀಕರು ನನಗೆ ಫೋನ್ ಮಾಡಿ, 'ಸಾರ್, ಎರಡು ವರ್ಷದಲ್ಲಿ ಮೂರು ಜನ ಡಿಸ್ಪ್ಯಾಚ್ ಸೂಪರ್‌ವೈಸರುಗಳನ್ನು ಬದಲಾಯಿಸಿದ್ದೇನೆ, ಮೂವರೂ ದಂಡ. ಮಾಲು ಒಂದು ದಿನವೂ ಹೊತ್ತಿಗೆ ಹೊರಡುತ್ತಿಲ್ಲ. ನಾಲ್ಕನೆಯವನನ್ನು ನೀವೇ ಹುಡುಕಿಕೊಡಿ' ಎಂದರು. ನಾನು ಆಗ ಕೇಳಿದ ಪ್ರಶ್ನೆಯನ್ನು ಇಂದಿಗೂ ಎಲ್ಲ ಕಡೆಯೂ ಕೇಳುತ್ತೇನೆ: 'ಆ ಕುರ್ಚಿಯಲ್ಲಿ ನೀವೇ ಕೂತಿದ್ದರೆ ಏನು ಮಾಡುತ್ತಿದ್ದಿರಿ?' ಅವರಿಗೆ ಸಿಟ್ಟು ಬಂತು. 'ನಾನ್ಯಾಕೆ ಸಾರ್ ಅಲ್ಲಿ ಕೂರಲಿ?' ಎಂದರು.

ಮರುದಿನ ಬೆಳಗ್ಗೆ ಶಾಪ್ ಫ್ಲೋರಿಗೆ ಹೋದೆ. ಯಂತ್ರದಿಂದ ಬಂದ ಪೀಸುಗಳನ್ನು ಕಾಯಿಸಿ ಗಟ್ಟಿ ಮಾಡುವ ಕುಲುಮೆಯ ಮುಂದೆ, ಆ ಪೀಸುಗಳನ್ನು ತುಂಬಿಟ್ಟ ಬಿನ್ನುಗಳ ಸಾಲು ಗೋಡೆಯವರೆಗೂ ಬೆಳೆದಿತ್ತು. ತುರ್ತು ಕೆಲಸದ ಬಿನ್ನಿಗೆ ಕೆಂಪು ಚೀಟಿ ಅಂಟಿಸುವ ಪದ್ಧತಿ ಅಲ್ಲಿತ್ತು. ಎಣಿಸಿದೆ: 64 ಬಿನ್ನುಗಳಲ್ಲಿ 41ಕ್ಕೆ ಕೆಂಪು ಚೀಟಿ. ಅದು ಸಾಲದೆಂದು ಕೆಲವು ಕೆಂಪು ಚೀಟಿಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಕ್ಷತ್ರ ಬರೆದಿತ್ತು. ಏನಿದು ಎಂದು ಕೇಳಿದರೆ, ಅಲ್ಲಿದ್ದ ಹುಡುಗ ಬಹಳ ಗಂಭೀರವಾಗಿ, 'ಅದು ನಿಜವಾದ ಅರ್ಜೆಂಟ್ ಸಾರ್' ಎಂದ.

ಮೂರು ದಿನ ಅಲ್ಲೇ ಸುತ್ತಾಡಿದ ಮೇಲೆ ತಿಳಿದದ್ದು ಹೀಗಿದೆ. ಯಂತ್ರದ ಮೇಲಿನ ಆಪರೇಟರಿಗೆ ಶಿಫ್ಟಿನಲ್ಲಿ ಎಷ್ಟು ಪೀಸು ತೆಗೆದ ಎಂಬುದರ ಮೇಲೆ ಇನ್ಸೆಂಟಿವ್. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸೆಟ್ಟಿಂಗ್ ಬದಲಿಸಲು ಒಂದೂವರೆ ಗಂಟೆ ಹಿಡಿಯುತ್ತದೆ, ಆ ಒಂದೂವರೆ ಗಂಟೆಗೆ ಅವನಿಗೆ ಕಾಸಿಲ್ಲ. ಹಾಗಾಗಿ ಅವನು ಒಂದೇ ಭಾಗವನ್ನು, ಅದೂ ಸುಲಭವಾದದ್ದನ್ನು, ಇಡೀ ದಿನ ತೆಗೆಯುತ್ತಾನೆ. ಈ ವಾರ ಯಾರಿಗೂ ಬೇಡದ ಪೀಸುಗಳು ಕುಲುಮೆಯ ಮುಂದೆ ರಾಶಿಯಾಗುತ್ತವೆ, ಬೇಕಾದ ಪೀಸು ಇನ್ನೂ ಸರಳಿನ ರೂಪದಲ್ಲೇ ಸ್ಟೋರಿನಲ್ಲಿರುತ್ತದೆ. ಗಿರಾಕಿ ಫೋನಿನಲ್ಲಿ ಕೂಗಾಡುತ್ತಾನೆ, ಮಾರ್ಕೆಟಿಂಗಿನವರು ಓಡಿಬಂದು ಕೆಂಪು ಚೀಟಿ ಅಂಟಿಸುತ್ತಾರೆ, ನಡೆಯುತ್ತಿದ್ದ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಸೆಟ್ಟಿಂಗ್ ಬದಲಿಸಲಾಗುತ್ತದೆ, ಒಂದೂವರೆ ಗಂಟೆ ಹೋಗುತ್ತದೆ, ಆ ಒಂದೂವರೆ ಗಂಟೆಯಿಂದಾಗಿ ಇನ್ನೆರಡು ಆರ್ಡರುಗಳು ತಡವಾಗುತ್ತವೆ, ಅವುಗಳಿಗೂ ಕೆಂಪು ಚೀಟಿ ಬೀಳುತ್ತದೆ. ತಡವೇ ತಡವನ್ನು ಹೆರುತ್ತಿತ್ತು. ಈ ಸುಳಿಯ ಕಟ್ಟಕಡೆಯಲ್ಲಿ ನಿಂತು, ಖಾಲಿ ಲಾರಿಯನ್ನು ಮುಂದಿಟ್ಟುಕೊಂಡು ಬೈಗುಳ ತಿನ್ನುತ್ತಿದ್ದವನು ಡಿಸ್ಪ್ಯಾಚ್ ಸೂಪರ್‌ವೈಸರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ನಮ್ಮ ಹಿರಿಯರು ನಗುತ್ತಿದ್ದರಲ್ಲ, ಇಲ್ಲಿ ಎರಡು ವರ್ಷದಲ್ಲಿ ಮೂರು ಎಮ್ಮೆಗಳಿಗೆ ಬರೆ ಬಿದ್ದಿತ್ತು.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆ ಇನ್ಸೆಂಟಿವ್ ಯೋಜನೆ ಎಲ್ಲಿಂದ ಬಂತು ಎಂದು ಲೆಕ್ಕಪತ್ರ ವಿಭಾಗದಲ್ಲಿ ಕಡತ ತೆಗೆಸಿದೆ. ಆರು ವರ್ಷ ಹಿಂದಿನ ಒಂದು ವರದಿ, ಸ್ಪೈರಲ್ ಬೈಂಡಿಂಗ್, ಕೊನೆಯ ಪುಟದಲ್ಲಿ ಸಹಿ. ಸಹಿ ನನ್ನದೇ! ಆಗ ಆ ಘಟಕದಲ್ಲಿ ಯಂತ್ರಗಳು ಖಾಲಿ ನಿಲ್ಲುತ್ತಿದ್ದವು. ಪೀಸಿನ ಲೆಕ್ಕದಲ್ಲಿ ಹಣ ಕೊಡಿ ಎಂದು ನಾನೇ ಬರೆದಿದ್ದೆ, ಮೂರೇ ತಿಂಗಳಲ್ಲಿ ಉತ್ಪಾದನೆ ಏರಿತ್ತು, ಮಾಲೀಕರು ಮೈಸೂರು ಪಾಕಿನ ಡಬ್ಬಿ ಕೊಟ್ಟು ಕಳಿಸಿದ್ದರು, ನನ್ನ ಬಿಲ್ಲೂ ತಕರಾರಿಲ್ಲದೆ ಪಾಸಾಗಿತ್ತು. ಅಂದಿನ ಮದ್ದು ಇಂದಿನ ಜ್ವರವಾಗಲು ಆರು ವರ್ಷ ಬೇಕಾಯಿತು, ಮತ್ತು ಆ ಆರು ವರ್ಷವೂ ನಾನು ಆ ಯೋಜನೆಯನ್ನು ನನ್ನ ಯಶಸ್ಸುಗಳ ಪಟ್ಟಿಯಲ್ಲಿ ಇಟ್ಟುಕೊಂಡು ಬೇರೆ ಗಿರಾಕಿಗಳಿಗೆ ತೋರಿಸುತ್ತಿದ್ದೆ.

ಕೊನೆಗೆ ಮಾಡಿದ್ದು ಎರಡೇ ಕೆಲಸ. ಪೀಸಿನ ಲೆಕ್ಕವನ್ನು ತೆಗೆದು, ಪೂರ್ತಿ ಸೆಟ್ಟಾಗಿ ಹೊರಟ ಮಾಲಿನ ಮೇಲೆ ಇಡೀ ಲೈನಿಗೆ ಹಂಚುವ ಹಾಗೆ ಇನ್ಸೆಂಟಿವನ್ನು ಬದಲಿಸಿದೆವು. ಕೆಂಪು ಚೀಟಿಯ ಪುಸ್ತಕವನ್ನು ಬೀರುವಿನಲ್ಲಿಟ್ಟು, ಮೂರೇ ಮೂರು ಕೆಂಪು ತಗಡುಗಳನ್ನು ಮಾಡಿಸಿ ಮಾರ್ಕೆಟಿಂಗ್ ಕೋಣೆಯ ಮೊಳೆಗೆ ತಗುಲಿಹಾಕಿದೆವು. ಹೊಸ ತುರ್ತು ಬೇಕೆಂದರೆ ಹಳೆಯದೊಂದನ್ನು ಬಿಡಿಸಿ ತರಬೇಕು. ಮೊದಲ ತಿಂಗಳು ಒಟ್ಟು ಪೀಸಿನ ಸಂಖ್ಯೆ ಇಳಿಯಿತು, ಮಾಲೀಕರ ಮುಖ ಬಿಳಿಚಿಕೊಂಡಿತು, ನನ್ನ ಫೋನೂ ದಿನಕ್ಕೆ ನಾಲ್ಕು ಸಲ ಬಡಿದುಕೊಳ್ಳುತ್ತಿತ್ತು. ಮೂರನೆಯ ತಿಂಗಳಲ್ಲಿ ಲಾರಿಗಳು ಹೊತ್ತಿಗೆ ಹೊರಡತೊಡಗಿದವು. ದಂಡ ಎನಿಸಿಕೊಂಡಿದ್ದ ಮೂರನೆಯ ಸೂಪರ್‌ವೈಸರ್ ಅದೇ ಕುರ್ಚಿಯಲ್ಲಿ ಇಂದಿಗೂ ಇದ್ದಾನೆ.

ಮಾಡಿದ್ದಕ್ಕೂ ಅದರ ಫಲ ಕಾಣುವುದಕ್ಕೂ ನಡುವೆ ಇರುವ ಈ ತಡ ಎಂಬುದನ್ನು ನಾವು ಯಾರೂ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಕೋಲಾರದ ಕಡೆಯ ಕೆರೆಗಳ ಸರಪಳಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದ ಮೇಲೆ ಕೆಳಗಿನ ಕೆರೆಗೆ ನೀರು ಬರುತ್ತದೆ. ಅನುಭವಸ್ಥ ನೀರಗಂಟಿ ತನ್ನ ತೂಬನ್ನು ಎಷ್ಟು ಎತ್ತಬೇಕೆಂದು ನಿರ್ಧರಿಸುವಾಗ ಮೇಲಿನ ಊರಿನ ಮಳೆಯನ್ನೂ ವಿಚಾರಿಸುತ್ತಾನೆ. ಇಂದು ಮಾಡಿದ್ದರ ಫಲ ಇಂದೇ ಕಾಣಬೇಕೆಂಬ ಹಟ ಅವನಿಗಿಲ್ಲ. ನಮ್ಮ ಸೋಮವಾರದ ರಿವ್ಯೂ ಮೀಟಿಂಗಿಗೆ ಆ ಹಟ ಇದೆ.

ಇದನ್ನು ಕಾಗದದ ಮೇಲೆ ತೋರಿಸಿಕೊಟ್ಟವರು ಜೇ ಫಾರೆಸ್ಟರ್. ಅಮೆರಿಕದ ನೆಬ್ರಾಸ್ಕಾದ ದನದ ಹಟ್ಟಿಯಲ್ಲಿ ಬೆಳೆದವರು, ಕಂಪ್ಯೂಟರಿನ ಆರಂಭದ ದಿನಗಳಲ್ಲಿ ಕಾಂತೀಯ ನೆನಪುಕೋಶವನ್ನು ರೂಪಿಸಿದವರಲ್ಲಿ ಪ್ರಮುಖರು. 1956ರಲ್ಲಿ ಅವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಾದ ಎಂಐಟಿಯ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪನಿಯವರಿಗೆ ಕೆಂಟಕಿಯ ತಮ್ಮ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳು ಒಗಟಾಗಿದ್ದವು: ಒಂದು ಕಾಲದಲ್ಲಿ ಮೂರು ನಾಲ್ಕು ಶಿಫ್ಟು ದುಡಿಮೆ, ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಜನರನ್ನು ಮನೆಗೆ ಕಳಿಸುವ ಪರಿಸ್ಥಿತಿ. ಮಾರುಕಟ್ಟೆಯ ಏರಿಳಿತ ಎಂದು ಎಲ್ಲರೂ ಹೇಳುತ್ತಿದ್ದರು. ಫಾರೆಸ್ಟರ್ ಒಂದು ನೋಟ್‌ಬುಕ್ಕಿನ ಪುಟದಲ್ಲಿ ದಾಸ್ತಾನು, ನೌಕರರು, ಆರ್ಡರು ಎಂದು ಅಂಕಣಗಳನ್ನು ಎಳೆದು, ಆ ಕಂಪನಿಯವರು ಜನರನ್ನು ತೆಗೆದುಕೊಳ್ಳಲು ಯಾವ ನಿಯಮಗಳನ್ನು ಅನುಸರಿಸುತ್ತಿದ್ದರೋ ಅವೇ ನಿಯಮಗಳ ಪ್ರಕಾರ ವಾರದಿಂದ ವಾರಕ್ಕೆ ಪೆನ್ಸಿಲಿನಲ್ಲಿ ಲೆಕ್ಕ ಹಾಕುತ್ತ ಹೋದರು. ಹೊರಗಿನ ಬೇಡಿಕೆ ಒಂದೇ ಸಮನಾಗಿದ್ದರೂ ಒಳಗಿನ ನೇಮಕಾತಿ ತೂಗುಯ್ಯಾಲೆಯ ಹಾಗೆ ಏರಿಳಿಯಬಲ್ಲುದೆಂದು ಗೊತ್ತಾಯಿತು. ಅಷ್ಟು ಚತುರ ಮ್ಯಾನೇಜರುಗಳು ಸೇರಿ ವಿವೇಕದಿಂದ ಮಾಡಿದ ನಿಯಮಗಳೇ ಅವರನ್ನು ಆ ಉಯ್ಯಾಲೆಯಲ್ಲಿ ಕೂರಿಸಿದ್ದವು. ಕುರ್ಚಿಯಲ್ಲಿ ಯಾರು ಕೂತಿದ್ದರೂ ತೂಗುತ್ತಿದ್ದರು.

ಆದರೆ ಇದೆಲ್ಲ ಅಮೆರಿಕದ ವಿದ್ಯೆ, ನಮ್ಮ ಜನಕ್ಕೆ ಹೊಂದುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಒಬ್ಬರು ಹೇಳುತ್ತಾರೆ. ಮೂರನೆಯ ಸಾಲಿನಲ್ಲಿ ಒಬ್ಬರು ಈಗಾಗಲೇ ತಲೆ ಅಲ್ಲಾಡಿಸುತ್ತಿದ್ದಾರೆ. ಅವರಿಗಾಗಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಹೋಗೋಣ. 1952ರಲ್ಲಿ ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದರು. ಹೊಸ ಯಂತ್ರ, ಹೆಚ್ಚು ಬಟ್ಟೆ ಎಂಬುದು ಲೆಕ್ಕಾಚಾರ. ಬಟ್ಟೆ ಹೆಚ್ಚಾಗಲಿಲ್ಲ, ಗುಣಮಟ್ಟವೂ ಸುಧಾರಿಸಲಿಲ್ಲ. ಮಾನವ ಸಂಬಂಧಗಳನ್ನು ಅಧ್ಯಯನ ಮಾಡುವ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು ಸಲಹೆಗಾರರಾಗಿ 1953ರಲ್ಲಿ ಬಂದು ನೋಡಿದಾಗ ಕಂಡದ್ದು, 224 ಮಗ್ಗಗಳ ಆ ಶೆಡ್ಡಿನಲ್ಲಿ ಕೆಲಸವನ್ನು 12 ಬಗೆಯಾಗಿ ಚೂರು ಮಾಡಿ ಹಂಚಿದ್ದರು. ನೇಯುವವನಿಗೆ ಇಷ್ಟು ಮಗ್ಗ, ಕಂಡಿಕೆ ತುಂಬುವವನಿಗೆ ಅದಕ್ಕಿಂತ ಹೆಚ್ಚು, ಕಡಿದ ನೂಲುಗಳ ತೊಡಕು ಬಿಡಿಸುವವನಿಗೆ ಇನ್ನೂ ಹೆಚ್ಚು, ಎಣ್ಣೆ ಹಾಕುವವನಿಗೆ ಇಡೀ ಶೆಡ್ಡು. ಒಬ್ಬ ನೇಕಾರನ ಮಗ್ಗದಲ್ಲಿ ನೂಲು ಕಡಿದಾಗ, ತೊಡಕು ಬಿಡಿಸುವವನು ಇನ್ನೊಬ್ಬ ನೇಕಾರನ ಹತ್ತಿರ ಇರುತ್ತಿದ್ದ. ಮೊದಲು ಯಾರ ಕೆಲಸ ಎಂದು ಹೇಳುವವರಿಲ್ಲ. ಪ್ರತಿಯೊಬ್ಬನೂ ತನ್ನ ಕೆಲಸ ಮಾಡುತ್ತಿದ್ದ, ಆದರೆ ಯಾರಿಗೂ ಒಂದು ತಂಡ ಎಂಬುದು ಇರಲಿಲ್ಲ.

ರೈಸ್ ಅವರು ಯಾರನ್ನೂ ಬೈಯಲಿಲ್ಲ, ಹೊಸ ಯಂತ್ರವನ್ನೂ ಕೇಳಲಿಲ್ಲ. ಒಂದಷ್ಟು ಮಗ್ಗಗಳಿಗೆ ಒಂದು ಚಿಕ್ಕ ಗುಂಪು, ಆ ಗುಂಪಿನೊಳಗೆ ಎಲ್ಲ ಬಗೆಯ ಕೆಲಸವೂ ಇರಲಿ ಎಂಬ ವಿಚಾರವನ್ನು ಮೇಲ್ವಿಚಾರಕರ ಮುಂದಿಟ್ಟರು. ಮುಂದೆ ನಡೆದದ್ದು ನನಗೆ ಬಹಳ ಪ್ರಿಯವಾದ ಭಾಗ. ವಿಷಯ ಶೆಡ್ಡಿಗೆ ತಲುಪಿದ್ದೇ ತಡ, ಯಾವ ಸುತ್ತೋಲೆಗೂ ಕಾಯದೆ ಕೆಲಸಗಾರರು ತಾವೇ ಕೂಡಿಕೊಂಡು ಗುಂಪುಗಳನ್ನು ಕಟ್ಟಿಕೊಂಡರು. ನಮ್ಮಲ್ಲಿ ಎಷ್ಟು ಜನರಿಗೆ ಅಷ್ಟು ಧೈರ್ಯವಿದೆ? ಒಂದು ವಿಚಾರವನ್ನು ಹೇಳಿ, ಅದರ ನಕ್ಷೆಯನ್ನು ತಾವೇ ಬರೆಯದೆ ಸುಮ್ಮನಿರುವ ಧೈರ್ಯ? ನಾನಾಗಿದ್ದರೆ 40 ಸ್ಲೈಡು ಮಾಡಿಕೊಂಡು ಹೋಗಿರುತ್ತಿದ್ದೆ. ಬಟ್ಟೆಯ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. 1970ರಲ್ಲಿ ಅದೇ ಟಾವಿಸ್ಟಾಕಿನ ಎರಿಕ್ ಮಿಲ್ಲರ್ ಮತ್ತೆ ಆ ಮಿಲ್ಲಿಗೆ ಹೋದರು. ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಇನ್ನೂ ಜೀವಂತವಾಗಿತ್ತು. ಉಳಿದ ಕಡೆ ಅದು ಸವೆದು ಹಳೆಯ ರೀತಿಗೆ ಮರಳಿತ್ತು. ಸುತ್ತಲಿನ ಸಂದರ್ಭ ಬದಲಾದಂತೆ ಗುಂಪುಗಳ ಮೇಲೆ ಒತ್ತಡ ಬಿದ್ದು ಹೀಗಾಯಿತು. ಯಶಸ್ಸಿನ ಕಥೆಯನ್ನು 1953ಕ್ಕೆ ನಿಲ್ಲಿಸುವ ಸಲಹೆಗಾರರು ಬಹಳ. 17 ವರ್ಷದ ನಂತರ ಹೋಗಿ ನೋಡಿದವರು ಅಪರೂಪ. ಆರು ವರ್ಷದ ನಂತರ ನನ್ನ ಕಡತ ನನಗೆ ಸಿಕ್ಕಿದ್ದು ಕೂಡ ಆಕಸ್ಮಿಕವೇ.

ಅಧ್ಯಕ್ಷರಿಂದ ಚೀಟಿ ಬಂದಿದೆ: 'ಇನ್ನು ಹತ್ತು ನಿಮಿಷ'. ಬಿಳಿ ಚೀಟಿಯಾದ್ದರಿಂದ ಒಂದೆರಡು ಮಾತಿಗೆ ಧೈರ್ಯ ಮಾಡುತ್ತೇನೆ.

ನನ್ನ ಟಿಪ್ಪಣಿಯಲ್ಲಿ ನಾಯಕತ್ವದ ಬಗ್ಗೆ ಏಳು ಅಂಶಗಳಿವೆ. ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಎಚ್ಚರಿಕೆ. ವ್ಯವಸ್ಥೆಯೇ ಹಾಗಿದೆ ಎಂಬುದು ಕೆಲಸಗಳ್ಳನಿಗೆ ಸಿಗಬಹುದಾದ ಅತ್ಯುತ್ತಮ ನೆಪ. ಕಳ್ಳತನ ಮಾಡಿದವನನ್ನು ಹಿಡಿದು ಅವನ ಸುತ್ತ ಬಾಣದ ಗುರುತುಗಳ ನಕ್ಷೆ ಬರೆಯುತ್ತ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕುರ್ಚಿಯ ಪ್ರಶ್ನೆ ಅದಕ್ಕೂ ಉಪಯೋಗಕ್ಕೆ ಬರುತ್ತದೆ: ಅಲ್ಲಿ ಕೂತ ಬೇರೆ ಯಾರೂ ಹಾಗೆ ಮಾಡದಿದ್ದರೆ, ಆಗ ಅದು ಆ ಮನುಷ್ಯನ ವಿಚಾರ, ನಿಷ್ಠುರವಾಗಿ ಕ್ರಮ ಕೈಗೊಳ್ಳಿ. ಮೂವರೂ ಅದನ್ನೇ ಮಾಡಿದರೆ ಕುರ್ಚಿಯ ಕಾಲುಗಳನ್ನು ನೋಡಿ.

ಎರಡನೆಯದು ಮಾಹಿತಿ ಎಲ್ಲಿರುತ್ತದೆ ಎಂಬುದು. ವ್ಯವಸ್ಥಾ ಚಿಂತನೆಯ ಬಗ್ಗೆ ಬರೆದ ಅಮೆರಿಕದ ವಿದ್ವಾಂಸೆ ಡೊನೆಲಾ ಮೆಡೋಸ್ ಅವರು ಹೇಳುತ್ತಿದ್ದ ಒಂದು ಪ್ರಸಂಗವಿದೆ. ಆಮ್‌ಸ್ಟರ್‌ಡಾಮಿನ ಹತ್ತಿರ ಒಂದೇ ಮಾದರಿಯ ಮನೆಗಳ ಬಡಾವಣೆ. ಕೆಲವು ಮನೆಗಳಲ್ಲಿ ವಿದ್ಯುತ್ ಮೀಟರು ನೆಲಮಾಳಿಗೆಯಲ್ಲಿ, ಕೆಲವುಗಳಲ್ಲಿ ಬಾಗಿಲ ಪಕ್ಕದ ಹಜಾರದಲ್ಲಿ. ಹಜಾರದ ಮೀಟರಿನ ಮನೆಗಳಲ್ಲಿ ವಿದ್ಯುತ್ತಿನ ಬಳಕೆ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ದರ ಏರಿಸಲಿಲ್ಲ, ದಂಡ ಹಾಕಲಿಲ್ಲ, ಉಪದೇಶ ಮಾಡಲಿಲ್ಲ. ನಿಮ್ಮ ಕಂಪನಿಯ ಗಿರಾಕಿಗಳ ದೂರುಗಳು ಈಗ ಯಾವ ನೆಲಮಾಳಿಗೆಯಲ್ಲಿವೆ ಎಂದು ಸೋಮವಾರ ಹೋಗಿ ನೋಡಿ. ಆ ಪೀಣ್ಯದ ಘಟಕದಲ್ಲಿ ಅವು ಮಾಲೀಕರ ಮೊಬೈಲಿನಲ್ಲಿದ್ದವು. ಆಪರೇಟರಿಗೆ ತಾನು ತೆಗೆದ ಪೀಸು ಯಾರಿಗೆ ಹೋಗುತ್ತದೆಂಬುದೇ ಗೊತ್ತಿರಲಿಲ್ಲ.

ಉಳಿದ ಐದು ಅಂಶಗಳು ಹಾಗೇ ಇರಲಿ. ಊಟದ ನಂತರ ಈ ಸಭಾಂಗಣದ ಹಿಂಭಾಗದಲ್ಲಿ ಒಂದು ಆಟವಿದೆ. ಎಂಐಟಿಯಲ್ಲಿ 1960ರ ದಶಕದಿಂದ ಆಡಿಸುತ್ತ ಬಂದಿರುವ ಬಿಯರ್ ಆಟ ಅದು. ಹೆಸರು ಕೇಳಿ ಈಗಷ್ಟೇ ಎಚ್ಚರವಾದವರು ಕ್ಷಮಿಸಬೇಕು, ನಾವು ಅದನ್ನು ಬಿಸ್ಕತ್ತಿನ ಹೆಸರಿನಲ್ಲಿ ಆಡುತ್ತೇವೆ. ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ಕು ಕುರ್ಚಿಗಳು. ಗಿರಾಕಿಯ ಬೇಡಿಕೆ ಇಡೀ ಆಟದಲ್ಲಿ ಒಂದೇ ಒಂದು ಸಲ ಬದಲಾಗುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಆಡುವವರು ಪರಸ್ಪರ ಮಾತಾಡುವಂತಿಲ್ಲ, ಆರ್ಡರಿನ ಚೀಟಿಯನ್ನು ಮಾತ್ರ ದಾಟಿಸಬೇಕು. ಒಂದೇ ಕಂಪನಿಯಿಂದ ಬಂದವರು ದಯವಿಟ್ಟು ಒಂದೇ ಮೇಜಿಗೆ ಕೂರಬೇಡಿ; ಹೋದ ಸಲ ಹಾಗೆ ಕೂತಿದ್ದ ಇಬ್ಬರು ಚಹಾ ಬಂದಾಗಲೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಲೀಕರಿಗೆ ಕಾರ್ಖಾನೆಯ ಕುರ್ಚಿ ಸಿಗುವುದಿಲ್ಲ, ಚಿಲ್ಲರೆ ಅಂಗಡಿಯಲ್ಲಿ ಕೂರಬೇಕು. ಎರಡೂಕಾಲಿಗೆ ಶುರು ಮಾಡೋಣ. ಪೆನ್ಸಿಲ್ ನೀವೇ ತರಬೇಕು.

ನಮಸ್ಕಾರ.