ಮಡಿಕೇರಿಯಿಂದ ಕಡಲಿಗೆ: ರೂಮ್ ಬುಕ್ ಮಾಡೋ ಮೊದಲು ಭರತ-ಇಳಿತ ನೋಡಿ

ನಮಸ್ಕಾರ. ಕೊಡಗಿನವರಿಗೆ ಸಮುದ್ರ ದೂರ ಏನಲ್ಲ. ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್, ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕಣ್ಣೂರಿಗೆ ಸುಮಾರು 80. ಇಷ್ಟು ಹತ್ತಿರ ಇದೆ ಅಂತಲೇ ಹೆಚ್ಚು ಯೋಚನೆ ಮಾಡದೆ ಹೊರಟುಬಿಡ್ತಾರೆ. ರೂಮ್ ಖಾಲಿ ಇದೆಯಾ, ಎಲ್ಲರಿಗೂ ರಜೆ ಇದೆಯಾ, ಇಷ್ಟು ನೋಡ್ತಾರೆ. ಆ ದಿನ ಸಮುದ್ರ ಹೇಗಿರುತ್ತೆ ಅಂತ ನೋಡೋರು ಕಡಿಮೆ. ಅದಕ್ಕೇ ಇವತ್ತಿನ ವಿಡಿಯೋ ಅಲ್ಲಿಂದಲೇ ಶುರು ಮಾಡೋಣ.

ಕಾಳುಮೆಣಸು ಕೊಯ್ದು ಒಣಗಿಸಿ ಆಗಿದೆ, ಕಾಫಿ ಗಿಡಕ್ಕೆ ಹೂಮಳೆಯೋ ಸ್ಪ್ರಿಂಕ್ಲರ್ ನೀರೋ ಸಿಕ್ಕಿದೆ, ಮದುವೆಗಳ ಮಧ್ಯೆ ನಾಲ್ಕು ದಿನ ಬಿಡುವಿದೆ ಅಂದ್ರೆ ಅದು ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಮಧ್ಯದವರೆಗಿನ ಅವಧಿ. ಕಡಲಿಗೂ ಅದೇ ಒಳ್ಳೇ ಸಮಯ. ಮೇ ಮಧ್ಯ ದಾಟಿದ ಮೇಲೆ ಮುಂಗಾರಿಗೆ ಮೊದಲಿನ ದೊಡ್ಡ ಅಲೆಗಳು ಬರೋಕೆ ಶುರು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋ ಬೋಟ್‌ಗಳೂ ಆ ಹೊತ್ತಿಗೆ ಯಾವಾಗ ನಿಲ್ಲುತ್ವೆ ಹೇಳೋಕಾಗಲ್ಲ. ಮೇ ಕೊನೇ ವಾರಕ್ಕೆ ದ್ವೀಪ ನಂಬಿಕೊಂಡು ಪ್ಲ್ಯಾನ್ ಹಾಕಬೇಡಿ.

ದಿನ ಗೊತ್ತು ಮಾಡುವಾಗ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಲ್ಲಿ ಭರತಕ್ಕೂ ಇಳಿತಕ್ಕೂ ಅಂತರ ಜಾಸ್ತಿ, ನೀರು ಬೇಗ ಏರುತ್ತೆ, ಬೇಗ ಇಳಿಯುತ್ತೆ. ಅಷ್ಟಮಿಯ ಹತ್ತಿರ ಅಂತರ ಕಡಿಮೆ. ಚಿಕ್ಕ ಮಕ್ಕಳಿದ್ದರೆ ಅಷ್ಟಮಿ-ನವಮಿ ಸುತ್ತಿನ ದಿನಗಳೇ ಒಳ್ಳೇದು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 8ಕ್ಕೆ ಇಳಿತ ಇದ್ರೆ ನಾಳೆ ಹತ್ತಿರ ಹತ್ತಿರ 8.50ಕ್ಕೆ. ಮೊಬೈಲ್‌ನಲ್ಲಿ ಟೈಡ್ ಟೇಬಲ್ ಸಿಗುತ್ತೆ, ನೀವು ಹೋಗೋ ಜಾಗಕ್ಕೆ ಹತ್ತಿರದ ಬಂದರು ಆರಿಸಿ ನೋಡಿ.

ಟೈಡ್ ಟೇಬಲ್‌ನಲ್ಲಿ ಕಾಣದೇ ಇರೋದು ಇನ್ನೊಂದಿದೆ. ಮಲಯಾಳದಲ್ಲಿ ಅದಕ್ಕೆ ಕಳ್ಳಕ್ಕಡಲ್ ಅಂತಾರೆ. ಆಕಾಶ ತಿಳಿಯಾಗಿರುತ್ತೆ, ಗಾಳಿಯೂ ಇರಲ್ಲ, ಆದ್ರೂ ಸಮುದ್ರ ಉಕ್ಕಿ ರಸ್ತೆಗೆ ಬರುತ್ತೆ. ಕಾರಣ ಇಲ್ಲಿಯ ಹವಾಮಾನ ಅಲ್ಲ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿ. ಅದರ ಅಲೆಗಳು ಕೆಲವು ದಿನ ಬಿಟ್ಟು ನಮ್ಮ ಕರಾವಳಿ ಮುಟ್ಟುತ್ವೆ, ಹೆಚ್ಚಾಗಿ ಏಪ್ರಿಲ್-ಮೇನಲ್ಲೇ. ಹೈದರಾಬಾದ್‌ನ ಇನ್ಕಾಯ್ಸ್ (INCOIS) ಅನ್ನೋ ಸಾಗರ ಮಾಹಿತಿ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತೆ. ಹೊರಡೋ ಹಿಂದಿನ ರಾತ್ರಿ ಅದನ್ನು ನೋಡಿ. ಎಚ್ಚರಿಕೆ ಇದ್ರೆ ಆ ದಿನ ಕೋಟೆ ನೋಡಿ, ಲೈಟ್‌ಹೌಸ್ ನೋಡಿ, ನೀರಿಗೆ ಇಳೀಬೇಡಿ.

ಇನ್ನು ದಾರಿ. ಮಡಿಕೇರಿ ಕಡೆಯವರಿಗೆ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ.ರೋಡ್. ದಕ್ಷಿಣ ಕೊಡಗಿನವರಿಗೆ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ, ಮಟ್ಟನ್ನೂರು. ಭಾಗಮಂಡಲದಿಂದ ಕರಿಕೆ, ಪಾಣತ್ತೂರು ಮೇಲೆ ಕಾಞಂಗಾಡ್‌ಗೆ ಇಳಿದ್ರೆ ಬೇಕಲ ಕೋಟೆ ಪಕ್ಕದಲ್ಲೇ. ಆದ್ರೆ ಆ ರಸ್ತೆ ಸಣ್ಣದು, ಕಾಡಿನ ಮಧ್ಯೆ. ಕತ್ತಲಾದ ಮೇಲೆ ಬೇಡ.

ಘಾಟಿಯಲ್ಲಿ ಕೆಡೋದು ಎರಡೇ, ಬ್ರೇಕ್ ಮತ್ತು ಹೊಟ್ಟೆ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ, ಎರಡನೇ ಗೇರ್‌ಗೆ ಹಾಕಿ ಇಂಜಿನ್ ಹಿಡಿಯೋಕೆ ಬಿಡಿ. ಸುಟ್ಟ ವಾಸನೆ ಬಂದ್ರೆ ಅಗಲ ಜಾಗ ನೋಡಿ ನಿಲ್ಲಿಸಿ, 15-20 ನಿಮಿಷ ಆರಲಿ. ಬಿಸಿ ಡಿಸ್ಕ್ ಮೇಲೆ ನೀರು ಸುರಿಯೋರು ಇದ್ದಾರೆ. ಹಾಗೆ ಮಾಡಿದ್ರೆ ಡಿಸ್ಕ್ ಸೊಟ್ಟಗಾಗಿ ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಪೆಡಲ್ ನಡುಗುತ್ತೆ. ಕಿರಿದಾದ ಕಡೆ ಹತ್ತೋ ಗಾಡಿಗೆ ದಾರಿ ಬಿಡಿ.

ಹೊಟ್ಟೆಯ ವಿಷಯ ಇನ್ನೂ ಸುಲಭ. ಕಡಂಬುಟ್ಟು, ಪಂದಿಕರಿ ಹೊಟ್ಟೆ ತುಂಬ ತಿಂದು ಸಂಪಾಜೆ ಇಳಿದ್ರೆ ಏನಾಗುತ್ತೆ ಅಂತ ಕೊಡಗಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಒಂದು ಅಕ್ಕಿ ರೊಟ್ಟಿ ಸಾಕು, ಹಾಲು ಬೇಡ. ವಾಂತಿ ಆಗೋ ಮಗುವಿಗೆ ಡಾಕ್ಟರ್ ಹೇಳಿದ ಮಾತ್ರೆಯನ್ನು ಹೊರಡೋಕೆ ಮೊದಲೇ ಕೊಡಿ. ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೇ ಬರುತ್ತೆ. ಕೈಯಲ್ಲಿ ಮೊಬೈಲ್ ಬೇಡ, ದೂರದ ರಸ್ತೆ ನೋಡಲಿ. ಬೆಳಿಗ್ಗೆ 6ಕ್ಕೆ ಹೊರಟ್ರೆ ಕಲ್ಲಡ್ಕದಲ್ಲಿ ಕೆ.ಟಿ. (ಕಲ್ಲಡ್ಕ ಟೀ) ಕುಡಿಯೋ ಹೊತ್ತಿಗೆ ಎಲ್ಲರ ಹೊಟ್ಟೆಯೂ ಸರಿಯಾಗಿರುತ್ತೆ. ಕಾಫಿ ನಾಡಿನವರು ಅಲ್ಲಿ ಟೀ ಕುಡಿದ್ರೆ ತಪ್ಪೇನಿಲ್ಲ.

ಬೀಚ್ ಆರಿಸೋದರಲ್ಲಿ ನಮ್ಮ ಅಭಿಪ್ರಾಯ ನೇರ: ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಲೈಫ್‌ಗಾರ್ಡ್ ಇರೋ ಬೀಚ್‌ಗೇ ಹೋಗಿ, ಫೋಟೋ ಎಷ್ಟು ಚೆನ್ನಾಗಿ ಬರುತ್ತೆ ಅನ್ನೋದು ಆಮೇಲೆ. ಮಂಗಳೂರು-ಉಡುಪಿ ಮಧ್ಯೆ ಪಡುಬಿದ್ರಿ ಇದೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಬೀಚ್. ಆ ಮಾನ್ಯತೆಗೆ ಶೌಚಾಲಯ, ಲೈಫ್‌ಗಾರ್ಡ್, ನೀರಿನ ಪರೀಕ್ಷೆ ಎಲ್ಲ ಬೇಕು. ಉಳ್ಳಾಲದ ಸೋಮೇಶ್ವರ ನೋಡೋಕೆ ಬಹಳ ಚೆಂದ, ಆದ್ರೆ ಬಂಡೆಗಳ ಜಾಗ, ಅಲ್ಲಿ ಸೂರ್ಯಾಸ್ತ ನೋಡಿ ವಾಪಸ್ ಬನ್ನಿ. ರೂಮ್ ಬುಕ್ ಮಾಡುವಾಗ ಒಂದು ಪ್ರಶ್ನೆ ಮರೀಬೇಡಿ: ಬೀಚ್‌ಗೆ ನಡೆದು ಹೋಗೋಕೆ ರಾಷ್ಟ್ರೀಯ ಹೆದ್ದಾರಿ 66 ದಾಟಬೇಕಾ? ಮ್ಯಾಪ್‌ನಲ್ಲಿ 600 ಮೀಟರ್ ಅಂತ ಕಾಣುತ್ತೆ. ಮಕ್ಕಳ ಕೈ ಹಿಡಿದು ದಿನಕ್ಕೆ ನಾಲ್ಕು ಸಲ ಆ ಹೆದ್ದಾರಿ ದಾಟೋದು ಬೇರೆಯೇ ಮಾತು.

ಈಗ ನೀರಿನ ಹತ್ತಿರ ಬಂದಿದ್ದೀವಿ. ಈ ಶಾಟ್ ಸರಿಯಾಗಿ ನೋಡಿ. ಎಡಕ್ಕೆ ಅಲೆ ಬಿಳಿ ನೊರೆಯಾಗಿ ಒಡೀತಿದೆ, ಬಲಕ್ಕೂ ಹಾಗೇ. ಮಧ್ಯದಲ್ಲಿ ಮಾತ್ರ ಒಂದು ಅಗಲದ ಪಟ್ಟಿ, ಅಲ್ಲಿ ಅಲೆ ಒಡೀತಿಲ್ಲ, ನೀರಿನ ಬಣ್ಣ ಕಂದು, ಮೇಲೆ ತೇಲೋ ನೊರೆ, ಕಸ ದಡದಿಂದ ಆಚೆಗೆ ಹೋಗ್ತಿದೆ. ಇಡೀ ಬೀಚ್‌ನಲ್ಲಿ ಶಾಂತವಾಗಿ ಕಾಣೋ ಜಾಗ ಅದೇ, ಅದಕ್ಕೇ ಮಕ್ಕಳನ್ನು ಕರ್ಕೊಂಡು ಜನ ಅಲ್ಲಿಗೇ ಇಳೀತಾರೆ. ಅದು ರಿಪ್ ಕರೆಂಟ್. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗೋ ದಾರಿ. ಬಂಡೆ, ಕಲ್ಲಿನ ತಡೆಗೋಡೆ, ನದಿ ಸೇರೋ ಅಳಿವೆ, ಇವುಗಳ ಪಕ್ಕ ಇದು ಹೆಚ್ಚು. ಬಂದ ತಕ್ಷಣ ನೀರಿಗೆ ಓಡಬೇಡಿ, ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ಎಲ್ಲಿ ಒಡೀತಿದೆ ನೋಡಿ, ಲೈಫ್‌ಗಾರ್ಡ್‌ನ್ನೂ ಕೇಳಿ.

ಕಾವೇರಿಯಲ್ಲೋ ಕೆರೆಯಲ್ಲೋ ಈಜು ಕಲಿತವರಿಗೆ ಇಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಹೊಳೆಯ ಸೆಳೆತ ಕೆಳಗೆ ಎಳೆದುಕೊಂಡು ಹೋದ್ರೂ ಎರಡು ಬದಿಗೂ ದಡ ಹತ್ತಿರ. ಇಲ್ಲಿ ಸೆಳೆತ ದಡದಿಂದ ನೇರ ಆಚೆಗೆ. ದಡ ಕಾಣ್ತಿದೆ ಅಂತ ಅದರ ಕಡೆಗೇ ಈಜಿದ್ರೆ ಸುಸ್ತಾಗಿ ಮುಳುಗ್ತೀರಿ, ಒಳ್ಳೇ ಈಜುಗಾರರೂ ಹೋಗೋದು ಹೀಗೇ. ಸಿಕ್ಕಿಕೊಂಡ್ರೆ ಮೊದಲು ತೇಲಿ, ಕೈ ಎತ್ತಿ ಕೂಗಿ. ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಪಟ್ಟಿ ದಾಟಿ ಅಲೆ ಒಡೆಯೋ ಜಾಗ ಸಿಕ್ಕಿದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ದಡದಲ್ಲಿರೋರು ಧುಮುಕಬೇಡಿ. ಟ್ಯೂಬ್, ಹಗ್ಗ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಏನು ಸಿಗುತ್ತೋ ಅದನ್ನು ಎಸೀರಿ.

ಗಾಳಿ ತುಂಬಿದ ಟ್ಯೂಬ್ ಬಗ್ಗೆ ಒಂದು ಮಾತು. ಬೆಳಿಗ್ಗೆ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತೆ, ಮಧ್ಯಾಹ್ನದ ಮೇಲೆ ಉಲ್ಟಾ. ನೀರು ಶಾಂತ ಇದೆ ಅಂತ ಬೆಳಿಗ್ಗೆ ಮಗುವನ್ನು ಟ್ಯೂಬ್‌ನಲ್ಲಿ ಕೂರಿಸಿದ್ರೆ ಆ ಗಾಳಿಯೇ ಆಚೆಗೆ ತಳ್ಳುತ್ತೆ. ಮಕ್ಕಳು ಮೊಣಕಾಲು ನೀರಲ್ಲೇ ಆಡಲಿ, ಕೈ ಚಾಚಿದ್ರೆ ಸಿಗೋ ದೂರದಲ್ಲಿ ಒಬ್ಬ ದೊಡ್ಡವರು ಇರಲಿ. ಎಲ್ಲರೂ ನೋಡ್ತಿದ್ದೀವಿ ಅಂದ್ರೆ ಯಾರೂ ನೋಡ್ತಿಲ್ಲ ಅಂತಲೇ ಅರ್ಥ. ಅಜ್ಜನೋ, ಚಿಕ್ಕಮ್ಮನೋ, ಹೆಸರು ಹೇಳಿ ಒಬ್ಬರಿಗೆ ಇಪ್ಪತ್ತು ನಿಮಿಷದ ಪಾಳಿ ಕೊಡಿ, ಆ ಹೊತ್ತು ಅವರ ಮೊಬೈಲ್ ಬ್ಯಾಗ್‌ನಲ್ಲಿರಲಿ.

ಮರಳಲ್ಲಿ ಕಾಲು ಎತ್ತಿ ಎತ್ತಿ ಇಡೋ ಬದಲು ಉಜ್ಜಿಕೊಂಡು ನಡೀರಿ, ತೊರಕೆ ಮೀನು ಇದ್ರೆ ಸದ್ದಿಗೆ ಸರಿದುಹೋಗುತ್ತೆ. ಅದರ ಬಾಲದ ಮುಳ್ಳು ಚುಚ್ಚಿದ್ರೆ ಐಸ್ ಅಲ್ಲ, ಬಿಸಿನೀರು ಬೇಕು. ಸುಮಾರು 45 ಡಿಗ್ರಿ, ಬೇರೆಯವರು ಕೈ ಇಟ್ಟು ನೋಡಿ ತಾಳುವಷ್ಟು. ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಪಾದ ಮುಳುಗಿಸಿಡಿ, ನೋವು ಇಳಿಯುತ್ತೆ. ಒಳಗೆ ಮುರಿದ ಮುಳ್ಳನ್ನು ನೀವೇ ಕೀಳಬೇಡಿ, ಆಸ್ಪತ್ರೆಗೆ ಹೋಗಿ, ಟಿಟಿ ಇಂಜೆಕ್ಷನ್ ವಿಷಯ ಕೇಳಿ.

ಸೆಕೆ. ಮಡಿಕೇರಿ ಇರೋದು ಸುಮಾರು 1,170 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೂರ್ನಾಲ್ಕು ಗಂಟೆಯಲ್ಲಿ ಸಮುದ್ರ ಮಟ್ಟಕ್ಕೆ ಬಂದ ದೇಹಕ್ಕೆ ಈ ತೇವದ ಬಿಸಿ ಒಗ್ಗೋಕೆ ಒಂದೆರಡು ವಾರ ಬೇಕು, ನಿಮ್ಮ ರಜೆ ಇರೋದೇ ಮೂರು ದಿನ. ಗಾಳಿಯಲ್ಲಿ ತೇವ ಜಾಸ್ತಿ ಇರೋದರಿಂದ ಬೆವರು ಆರಲ್ಲ, ಮೈ ತಣ್ಣಗಾಗಲ್ಲ. ಬೆಳಿಗ್ಗೆ 9.30ರ ಒಳಗೆ, ಸಂಜೆ 4.30ರ ಮೇಲೆ ಬೀಚ್. ಮಧ್ಯಾಹ್ನ ಫ್ಯಾನ್ ಕೆಳಗೆ ಮಲಗಿ, ಗಂಜಿಗೆ ಉಪ್ಪು ಹಾಕಿ ಕುಡೀರಿ, ಬೊಂಡ (ಎಳನೀರು) ಕುಡೀರಿ. ತುಂಬ ಬೆವರಿದ ಮಗುವಿಗೆ ಓಆರ್‌ಎಸ್ ಪ್ಯಾಕೆಟ್ ಇಲ್ಲದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ ಚಮಚ. ಉಪ್ಪು ಜಾಸ್ತಿ ಆದ್ರೆ ಅಪಾಯ, ಕಣ್ಣಂದಾಜು ಬೇಡ. ಯಾರಾದ್ರೂ ತಡವರಿಸಿ ಮಾತಾಡ್ತಿದ್ರೆ, ಮೈ ಕಾದು ಗೊಂದಲದಲ್ಲಿದ್ರೆ, ಮೈಗೆ ನೀರು ಹಾಕ್ತಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕಣ್ಣೂರು ಕಡೆ ಹೋಗೋರ ಆಸೆ ಒಂದೇ, ಮುಳಪ್ಪಿಲಂಗಾಡ್‌ನಲ್ಲಿ ಮರಳ ಮೇಲೆ ಕಾರು ಓಡಿಸೋದು. ಗಾಡಿ ಬಿಡ್ತಿದ್ದಾರಾ ಅಂತ ಮೊದಲು ಕೇಳಿಕೊಳ್ಳಿ. ಇಳಿತದ ಹೊತ್ತಿಗೆ ಹೋಗಿ, ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ ಮಾತ್ರ ಓಡಿಸಿ. ಒಣ ಮರಳಲ್ಲಿ ಚಕ್ರ ಹೂತ್ರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಗುಂಡಿ ಆಳ. ಎಲ್ಲರೂ ಇಳೀರಿ, ಚಕ್ರದ ಮುಂದೆ ಹಿಂದೆ ಮರಳು ತೆಗೀರಿ, ಟೈರ್ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ಕಾಲಡಿಯ ಮ್ಯಾಟ್ ಚಕ್ರದ ಕೆಳಗೆ ತುರುಕಿ, ಬಂದ ಜಾಡಲ್ಲೇ ನಿಧಾನ ರಿವರ್ಸ್. ಮೇಲೆ ಬಂದ ಮೇಲೆ ಗಾಳಿ ತುಂಬಿಸದೆ ಹೆದ್ದಾರಿಗೆ ಹತ್ತಬೇಡಿ. ಅವತ್ತೇ ಸಂಜೆ ಸರ್ವಿಸ್ ಸ್ಟೇಷನ್‌ನಲ್ಲಿ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ. ಮೇಲೆ ಶಾಂಪೂ ಹಾಕಿ ಉಜ್ಜಿದ್ರೆ ಫಳಫಳ ಅನ್ನುತ್ತೆ, ತುಕ್ಕು ಹಿಡಿಯೋದು ಕೆಳಗೆ.

ಮೀನು ತರದೆ ವಾಪಸ್ ಬಂದ್ರೆ ಮನೆಯಲ್ಲಿ ಕೇಳೋರು ಇರ್ತಾರೆ. ಹೊರಡೋ ದಿನ ಬೆಳಿಗ್ಗೆಯೇ ಧಕ್ಕೆಗೆ, ಅಂದ್ರೆ ಮೀನಿನ ದೋಣಿ ಬಂದು ನಿಲ್ಲೋ ಕಟ್ಟೆಗೆ, ಹೋಗಿ. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ಮುಚ್ಚಬೇಕು. ಕರುಳು, ಕಿವಿರು ಅಲ್ಲೇ ತೆಗೆಸಿ. ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸ್, ಮೀನು, ಐಸ್, ಮೀನು, ಮೇಲೊಂದು ಪದರ ಐಸ್. 5 ಕೆಜಿ ಮೀನಿಗೆ 5 ಕೆಜಿ ಐಸ್ ಬೇಕು. ಪೆಟ್ಟಿಗೆಯ ತಳದ ಮೂಲೆಯಲ್ಲಿ ಸಣ್ಣ ತೂತು ಮಾಡಿ, ಕೆಳಗೆ ತಟ್ಟೆ ಇಡಿ. ಕರಗಿದ ನೀರಲ್ಲಿ ನೆನೆದ ಮೀನು ಮೆತ್ತಗಾಗುತ್ತೆ. ಬಂಗುಡೆ, ಬೂತಾಯಿಗೆ ಐಸ್ ಇನ್ನೂ ಮುಖ್ಯ. ಬಿಸಿಯಲ್ಲಿ ಬಿಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತೆ, ಅದು ಎಷ್ಟು ಕುದಿಸಿದ್ರೂ ಹೋಗಲ್ಲ. ತಿಂದವರ ಮುಖ ಕೆಂಪಾಗಿ ಮೈ ತುರಿಸಿದ್ರೆ ಮಸಾಲೆಯನ್ನು ಬೈಯಬೇಡಿ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರೋದರಿಂದ ಫ್ರೀಜರ್ ತುಂಬಿಸೋ ಆಸೆ ಇರೋರು ಮೇ ಒಳಗೇ ತರಬೇಕು.

ವಾಪಸ್ ಹತ್ತುವಾಗ ಮಧ್ಯಾಹ್ನ 2ರ ಒಳಗೆ ಘಾಟಿ ಮುಗಿಸೋ ಹಾಗೆ ಹೊರಡಿ. ಏಪ್ರಿಲ್-ಮೇನ ಗುಡುಗುಮಳೆ ಹೆಚ್ಚಾಗಿ ಅದಾದ ಮೇಲೇ ಬರೋದು, ಜೊತೆಗೆ ಮಂಜು. ಟೆಂಪರೇಚರ್ ಮುಳ್ಳು ಮೇಲೇರಿದ್ರೆ ಎಸಿ ಆಫ್ ಮಾಡಿ.

ಮನೆಗೆ ಬಂದ ಮೇಲೆ ಬಂಗುಡೆಯನ್ನು ಅವತ್ತೇ ಕಾಚಂಪುಳಿ ಹಾಕಿ ಮಾಡಿ, ಎಣ್ಣೆ ಅಂಶ ಇರೋ ಮೀನು ಫ್ರೀಜರ್‌ನಲ್ಲೂ ಬೇಗ ಕಮಟು ಹಿಡಿಯುತ್ತೆ. ಅಂಜಲ್ ತುಂಡುಗಳನ್ನು ಒಂದೊಂದು ಹೊತ್ತಿಗೆ ಆಗೋಷ್ಟು ಪ್ಯಾಕೆಟ್ ಮಾಡಿ, ಗಾಳಿ ಒತ್ತಿ ತೆಗೆದು ಫ್ರೀಜರ್‌ಗೆ ಇಡಿ. ಗುಡುಗಿಗೆ ಕರೆಂಟ್ ಹೋದ್ರೆ ಮೀನು ಹೇಗಿದೆ ಅಂತ ನೋಡೋಕೆ ಬಾಗಿಲು ತೆಗೀಬೇಡಿ.