ಸ್ಮಿತ್ ಅನ್ನೋ ಹೆಸರು ಎಷ್ಟು ಸಲ ಹುಟ್ಟಿತು?

ಕೇಳುಗರೆಲ್ಲರಿಗೂ ನಮಸ್ಕಾರ. ಕ್ರಿಕೆಟ್ ಕಾಮೆಂಟರಿ ಕೇಳೋರಿಗೆ ಇದು ಗೊತ್ತೇ ಇರುತ್ತೆ, ಆಸ್ಟ್ರೇಲಿಯಾಕ್ಕೆ ಒಬ್ಬ ಸ್ಟೀವ್ ಸ್ಮಿತ್, ದಕ್ಷಿಣ ಆಫ್ರಿಕಾಕ್ಕೆ ಒಬ್ಬ ಗ್ರೇಮ್ ಸ್ಮಿತ್, ವೆಸ್ಟ್ ಇಂಡೀಸ್‌ಗೆ ಡ್ವೇನ್ ಸ್ಮಿತ್, ಅದಕ್ಕೂ ಹಿಂದೆ ಇಂಗ್ಲೆಂಡ್‌ಗೆ ರಾಬಿನ್ ಸ್ಮಿತ್, ನ್ಯೂಜಿಲೆಂಡ್‌ಗೆ ವಿಕೆಟ್ ಕೀಪರ್ ಇಯಾನ್ ಸ್ಮಿತ್. ಅರ್ಥಶಾಸ್ತ್ರ ಓದಿದ ಮಕ್ಕಳನ್ನ ಕೇಳಿದ್ರೆ ಆಡಮ್ ಸ್ಮಿತ್ ಅಂತಾರೆ, ಸಿನಿಮಾ ನೋಡೋರು ವಿಲ್ ಸ್ಮಿತ್ ಅಂತಾರೆ. ಇವರೆಲ್ಲ ಒಂದೇ ವಂಶದವರಾ, ಮೂಲಪುರುಷ ಅಂತ ಒಬ್ಬ ಸ್ಮಿತ್ ಇದ್ನಾ ಅಂತ ನನ್ನನ್ನ ಕೇಳೋರು ಬಹಳ ಜನ. ಇಲ್ಲ. ಇರಲೇ ಇಲ್ಲ. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ ಮಾತು, ದಯವಿಟ್ಟು ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ: ಒಂದು ಸರ್‌ನೇಮ್ ಎಷ್ಟು ಜನಕ್ಕಿದೆ ಅನ್ನೋದು ಆ ಹೆಸರು ಎಷ್ಟು ಸಲ ಹುಟ್ಟಿತು ಅನ್ನೋದರ ಮೇಲೆ ನಿಂತಿದೆ. ಸ್ಮಿತ್ ಸಾವಿರಾರು ಸಲ ಹುಟ್ಟಿತು, ಅದಕ್ಕೇ ಅಷ್ಟೊಂದು ಸ್ಮಿತ್‌ಗಳು.

ಹೇಗೆ ಹುಟ್ಟಿತು ಅಂತ ನೋಡೋಣ. ಸುಮಾರು 800 ವರ್ಷ ಹಿಂದಿನ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ ಅಂದ್ಕೊಳ್ಳಿ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಗೆದ್ದವರ ಕಾಲದಿಂದ ಅಲ್ಲಿನ ಹಳೇ ಹೆಸರುಗಳು ಮೂಲೆಗೆ ಹೋಗಿ ಎಲ್ಲರೂ ಮಕ್ಕಳಿಗೆ ಅದೇ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಅಂತ ಇಡೋಕೆ ಶುರು ಮಾಡಿದ್ರು. ಊರಲ್ಲಿ ಜಾನ್‌ಗಳೇ ಆರು ಜನ ಇದ್ರೆ ಜಮೀನ್ದಾರನ ಗುಮಾಸ್ತ ಕಂದಾಯದ ಪಟ್ಟಿ ಬರೆಯೋದು ಹೇಗೆ? ಹೊಳೆ ಪಕ್ಕದ ಜಾನ್, ರಿಚರ್ಡನ ಮಗ ಜಾನ್, ಕುಳ್ಳ ಜಾನ್, ಕುಲುಮೆ ಜಾನ್ ಅಂತ ಬರೀತಾನೆ. ಇಂಗ್ಲಿಷರ ಸರ್‌ನೇಮ್‌ಗಳು ಹೆಚ್ಚೂಕಮ್ಮಿ ಎಲ್ಲ ಈ ನಾಲ್ಕೇ ದಾರಿಲಿ ಬಂದಿದ್ದು, ಜಾಗ, ಅಪ್ಪ, ಮೈಕಟ್ಟು ಇಲ್ಲ ಗುಣ, ಕಸುಬು. ಕುಲುಮೆ ಜಾನೇ ಜಾನ್ ಸ್ಮಿತ್. ಸ್ಮಿತ್ ಅಂದ್ರೆ ಲೋಹದ ಕೆಲಸ ಮಾಡೋನು, ಹಳ್ಳಿ ಮಟ್ಟಿಗೆ ಹೇಳೋದಾದ್ರೆ ನಮ್ಮ ಕಮ್ಮಾರ.

ಇಲ್ಲಿ ಒಂದು ಪ್ರಶ್ನೆ ಬರಬೇಕು, ಬರದಿದ್ರೆ ನಾನೇ ಕೇಳ್ತೀನಿ. ಆ ಕಾಲದಲ್ಲಿ ಹೆಚ್ಚಿನವರು ಹೊಲ ಉಳೋರು, ಹಾಗಿದ್ರೆ ರೈತ ಅನ್ನೋ ಹೆಸರೇ ಎಲ್ಲಕ್ಕಿಂತ ಜಾಸ್ತಿ ಆಗಬೇಕಿತ್ತಲ್ಲ? ಆಗಲ್ಲ ಸ್ವಾಮಿ! ಊರಿಗೆ ಊರೇ ರೈತರಾಗಿರೋವಾಗ ರೈತ ಜಾನ್ ಅಂತ ಕರೆದ್ರೆ ಯಾವ ಜಾನ್ ಅಂತ ಯಾರಿಗೆ ಗೊತ್ತಾಗುತ್ತೆ? ಹೆಸರು ಇಡೋದೇ ಗುರುತು ಹಿಡಿಯೋಕೆ. ಊರಿಗೆ ಒಬ್ಬನೇ ಇರೋನಿಗೇ ಕಸುಬಿನ ಹೆಸರು ಅಂಟ್ಕೊಳ್ಳೋದು. ಕಮ್ಮಾರ ಊರಿಗೆ ಒಬ್ಬನೇ, ಮತ್ತೆ ಅವನಿಲ್ಲದ ಊರೂ ಕಮ್ಮಿ. ನೇಗಿಲ ಕುಳ, ಕುಡುಗೋಲು, ಕುದುರೆ ಲಾಳ, ಮೊಳೆ, ಬಾಗಿಲ ತಿರುಗಣಿ, ಯುದ್ಧ ಬಂದ್ರೆ ಬಾಣದ ಮೊನೆ, ಎಲ್ಲಕ್ಕೂ ಅವನ ಹತ್ರಾನೇ ಹೋಗಬೇಕು. ಇಂಗ್ಲಿಷಲ್ಲಿ ಫಾರ್ಮರ್ ಅನ್ನೋ ಸರ್‌ನೇಮ್ ಇದೆ ನಿಜ, ಆದ್ರೆ ಅದು ಉಳೋನ ಹೆಸರಲ್ಲ, ಗುತ್ತಿಗೆ ಹಿಡಿದು ಕಂದಾಯ ವಸೂಲಿ ಮಾಡ್ತಿದ್ದವನ ಹೆಸರು.

ಈಗ ಲೆಕ್ಕ ಹಾಕಿ. 1086ರಲ್ಲಿ ವಿಲಿಯಂ ದೊರೆ ಇಂಗ್ಲೆಂಡಿನ ಬಹುಭಾಗದ ಆಸ್ತಿಪಾಸ್ತಿ ಬರೆಸಿದ, ಡೂಮ್ಸ್‌ಡೇ ಪುಸ್ತಕ ಅಂತಾರೆ ಅದಕ್ಕೆ, ಅದರಲ್ಲಿ 13 ಸಾವಿರಕ್ಕೂ ಹೆಚ್ಚು ಊರುಗಳ ಹೆಸರಿದೆ. ಎಷ್ಟು ಊರಿದ್ಯೋ ಅಷ್ಟು ಕುಲುಮೆ ಅಂತ ಹಿಡಿದ್ರೆ ಸ್ಮಿತ್ ಅನ್ನೋ ಹೆಸರು ಹುಟ್ಟೋಕೆ ಅಷ್ಟು ಜಾಗ. ಕೆಂಟ್‌ನ ಸ್ಮಿತ್‌ಗೂ ಯಾರ್ಕ್‌ಷೈರಿನ ಸ್ಮಿತ್‌ಗೂ ನೆಂಟಸ್ತಿಕೆ ಇಲ್ಲ, ಒಬ್ಬರ ಮುಖ ಒಬ್ಬರು ನೋಡಿಲ್ಲ, ಆದ್ರೂ ಹೆಸರು ಒಂದೇ. ಸ್ಮಿತ್ ಅನ್ನೋದು ಒಂದು ಮೂಲದಿಂದ ಹರಿದು ಬಂದ ನದಿ ಅಲ್ಲ, ಊರೂರಲ್ಲೂ ಅವರವರೇ ತೋಡ್ಕೊಂಡ ಬಾವಿಗಳು.

ಮೊದಮೊದಲು ಈ ಹೆಸರು ಅವನ ಜೊತೆಗೇ ಮುಗೀತಿತ್ತು. ಕಮ್ಮಾರ ಜಾನನ ಮಗ ರೊಟ್ಟಿ ಸುಡೋ ಕೆಲಸ ಹಿಡಿದ್ರೆ ಅವನು ಬೇಕರ್ ಆಗ್ತಿದ್ದ. ಆಮೇಲೆ ಜಮೀನು ಅಪ್ಪನಿಂದ ಮಗನಿಗೆ ಬರಬೇಕು, ಕಂದಾಯದ ಪಟ್ಟಿಲಿ ಸರಿಯಾಗಿ ಹೆಸರು ಕೂರಬೇಕು ಅನ್ನೋದೆಲ್ಲ ಬಿಗಿಯಾದಾಗ ಹೆಸರು ಗಟ್ಟಿಯಾಗಿ ಕೂತ್ಕೊಂಡ್ತು. 1377, 1379, 1381, ಈ ಮೂರು ವರ್ಷ ಇಂಗ್ಲೆಂಡಲ್ಲಿ ತಲೆಗಂದಾಯ ಹಾಕಿದ್ರು, ಜನ ಎದ್ದು ದಂಗೆ ಮಾಡಿದ್ರು, ಆ ದಂಗೆಯ ನಾಯಕ ವಾಟ್ ಟೈಲರ್ ಅಂತ, ಅವನ ಹೆಸರೂ ಹೆಂಚು ಹೊದಿಸೋ ಕಸುಬಿಂದ ಬಂದಿದ್ದು. 1400ರ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಮನೆಗಳಲ್ಲಿ ಸರ್‌ನೇಮ್ ನೆಲೆ ನಿಂತಿತ್ತು. ಅಲ್ಲಿಂದ ಮುಂದೆ ಸ್ಮಿತ್‌ನ ಮಗ ಕುರಿ ಕಾಯಲಿ, ಹಡಗು ಹತ್ತಲಿ, ಸ್ಮಿತ್ತೇ.

ಇದೆಲ್ಲ ನಾನು ಊಹೆ ಮಾಡಿ ಹೇಳ್ತಿಲ್ಲ. ಇದಕ್ಕೆ ರಕ್ತದಲ್ಲೇ ಸಾಕ್ಷಿ ಇದೆ, ಆ ಕಥೆ ನನಗೆ ಎಷ್ಟು ಸಲ ಹೇಳಿದ್ರೂ ಸಾಕಾಗಲ್ಲ, ಕೇಳಿ.

ಆಕ್ಸ್‌ಫರ್ಡಲ್ಲಿ ಬ್ರಯಾನ್ ಸೈಕ್ಸ್ ಅಂತ ಒಬ್ಬ ವಂಶವಾಹಿ ವಿಜ್ಞಾನಿ ಇದ್ರು, 2020ರಲ್ಲಿ ತೀರ್ಕೊಂಡ್ರು. ಅವರನ್ನ ಗ್ಲಾಕ್ಸೊ ವೆಲ್‌ಕಮ್ ಅನ್ನೋ ದೊಡ್ಡ ಔಷಧ ಕಂಪನಿಯವರು ಒಂದು ಭಾಷಣಕ್ಕೆ ಕರೆದಿದ್ರು. ಆ ಕಂಪನಿ ಚೇರ್ಮನ್ ಹೆಸರು ಸರ್ ರಿಚರ್ಡ್ ಸೈಕ್ಸ್. ಇವರೂ ಸೈಕ್ಸ್, ಅವರೂ ಸೈಕ್ಸ್. ಎಲ್ಲರೂ ಕೇಳೋ ಪ್ರಶ್ನೆನೇ ಅಲ್ಲೂ ಬಂತು, ನೀವು ನಮ್ಮ ಚೇರ್ಮನ್‌ಗೆ ಸಂಬಂಧಾನಾ ಅಂತ. ನನಗೆ ಗೊತ್ತಿರೋ ಹಾಗೆ ಇಲ್ಲ ಅಂದ್ರು ಬ್ರಯಾನ್. ಇವರು ಹುಟ್ಟಿದ್ದು ಲಂಡನ್ನಲ್ಲಿ, ಅವರು ಉತ್ತರದ ಯಾರ್ಕ್‌ಷೈರಿನ ಕಡೆಯವರು, ಸಂಬಂಧ ಎಲ್ಲಿಂದ ಬರಬೇಕು? ಆದ್ರೆ ವಿಜ್ಞಾನಿ ನೋಡಿ, ಸುಮ್ಮನಿರಲಿಲ್ಲ. ಚೇರ್ಮನ್ ಸಾಹೇಬರ ಕೆನ್ನೆ ಒಳಗಿಂದ ಸಣ್ಣ ಬ್ರಷ್ಷಲ್ಲಿ ಒಂದಿಷ್ಟು ಜೀವಕೋಶ ತಗೊಂಡ್ರು, ತಮ್ಮದನ್ನೂ ತಗೊಂಡ್ರು, ಎರಡನ್ನೂ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರು.

ಪರೀಕ್ಷೆ ಮಾಡಿದ್ದು ವೈ ಕ್ರೋಮೋಸೋಮ್ ಅನ್ನೋದನ್ನ. ಇದು ಅರ್ಥ ಮಾಡ್ಕೊಳ್ಳೋದು ಸುಲಭ. ವೈ ಕ್ರೋಮೋಸೋಮ್ ಗಂಡಸರಿಗೆ ಮಾತ್ರ ಇರುತ್ತೆ, ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚೂಕಮ್ಮಿ ಹಾಗೇ ಇಳಿಯುತ್ತೆ. ಇಂಗ್ಲಿಷರ ಸರ್‌ನೇಮೂ ಅಪ್ಪನಿಂದ ಮಗನಿಗೇ ಇಳಿಯುತ್ತೆ. ಎರಡೂ ಒಂದೇ ದಾರಿ! ಮೂಲಪುರುಷ ಒಬ್ಬನೇ ಆಗಿದ್ರೆ ಹೆಸರೂ ಒಂದೇ ಇರಬೇಕು, ವೈ ಕೂಡ ಒಂದೇ ಇರಬೇಕು.

ಇಬ್ಬರದ್ದೂ ತಾಳೆ ಆಯ್ತು. ಒಬ್ಬರ ಮನೆ ಒಬ್ಬರಿಗೆ ಗೊತ್ತಿಲ್ಲದ ಇಬ್ಬರು ಸೈಕ್ಸ್‌ಗಳು ಎಷ್ಟೋ ತಲೆಮಾರಿನ ಹಿಂದಿನ ದಾಯಾದಿಗಳು.

ಇದು ಕಾಕತಾಳೀಯ ಇರಬಹುದು ಅಂತ ನಿಮಗೆ ಅನ್ನಿಸುತ್ತಲ್ವಾ, ಬ್ರಯಾನ್ ಅವರಿಗೂ ಹಾಗೇ ಅನ್ನಿಸ್ತು. ಅದಕ್ಕೆ ಯಾರ್ಕ್‌ಷೈರ್, ಲ್ಯಾಂಕಾಷೈರ್, ಚೆಷೈರ್ ಈ ಮೂರು ಕಡೆ ಇರೋ ಸೈಕ್ಸ್ ಅನ್ನೋ ಗಂಡಸರಿಗೆ ಕಾಗದ ಬರೆದು ಜೊತೆಗೆ ಬ್ರಷ್ ಇಟ್ಟು ಕಳಿಸಿದ್ರು. ನಮ್ಮ ಕಡೆ ಯಾರಾದ್ರೂ ಹೀಗೆ ಕಾಗದ ಬರೆದ್ರೆ ಎಷ್ಟು ಜನ ವಾಪಸ್ ಕಳಿಸ್ತಾರೋ, ಅಲ್ಲಿ ಒಳ್ಳೇ ಮನಸ್ಸಿನ ಜನ ಕಳಿಸಿದ್ರು, ಕೊನೆಗೆ 48 ಜನರ ಪರೀಕ್ಷೆ ಆಯ್ತು. ಅದರಲ್ಲಿ 21 ಜನಕ್ಕೆ ಅದೇ ವೈ! ಅದೇ ಊರುಗಳ ಅಕ್ಕಪಕ್ಕದ ಬೇರೆ ಹೆಸರಿನವರನ್ನ ಪರೀಕ್ಷೆ ಮಾಡಿದ್ರೆ ಅವರಲ್ಲಿ ಆ ವೈ ಕಾಣಲೇ ಇಲ್ಲ. ಇದು 2000ದಲ್ಲಿ ಪ್ರಕಟ ಆಯ್ತು.

ಇದು ಯಾಕೆ ದೊಡ್ಡ ಸಂಗತಿ ಅಂದ್ರೆ, ಸೈಕ್ ಅಂದ್ರೆ ಆ ಕಡೆ ಮಾತಲ್ಲಿ ಸಣ್ಣ ತೊರೆ, ಗಡಿಯ ಹಳ್ಳ. ಅಂಥ ತೊರೆ ಯಾರ್ಕ್‌ಷೈರಲ್ಲಿ ಎಲ್ಲಿ ನೋಡಿದ್ರೂ ಇದೆ, ಹಾಗಾಗಿ ಈ ಹೆಸರು ಹತ್ತಾರು ಕಡೆ ಹುಟ್ಟಿರಬೇಕು ಅಂತಾನೇ ಪಂಡಿತರು ನಂಬಿದ್ರು. ಡಿಎನ್ಎ ಬೇರೆ ಕಥೆ ಹೇಳ್ತು. ಬ್ರಯಾನ್ ಅವರ ತೀರ್ಮಾನದ ಪ್ರಕಾರ ಸೈಕ್ಸ್ ಹುಟ್ಟಿದ್ದು ಒಂದೇ ಸಲ, ಸುಮಾರು 700 ವರ್ಷ ಹಿಂದೆ ಯಾವುದೋ ಒಂದು ತೊರೆ ಪಕ್ಕ ಮನೆ ಮಾಡ್ಕೊಂಡಿದ್ದ ಒಬ್ಬನೇ ಮನುಷ್ಯನಿಂದ. ಹಾಗಾದ್ರೆ ಉಳಿದ 27 ಜನ? ಎಲ್ಲೋ ಒಂದು ಮಗುನ ದತ್ತು ತಗೊಂಡಿರ್ತಾರೆ, ಎಲ್ಲೋ ಒಬ್ಬ ಹೆಣ್ಣುಮಗಳು ತನ್ನ ಹೆಸರನ್ನೇ ಮಗನಿಗೆ ಕೊಟ್ಟಿರ್ತಾಳೆ, ಎಲ್ಲೋ ಮಗು ಬೇರೆಯವನದ್ದಾಗಿರುತ್ತೆ. ಹೀಗಾಗೋದು ಒಂದು ತಲೆಮಾರಿಗೆ ನೂರರಲ್ಲಿ ಮೂರೋ ನಾಲ್ಕೋ ಸಲ ಅಷ್ಟೇ ಆದ್ರೂ, 23 ತಲೆಮಾರು ಕೂಡಿಸಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನಕ್ಕೆ ಬೇರೆ ವೈ ಆಗಿದೆ. ನನಗೆ ಇದರಲ್ಲಿ ಕಾಣೋದು ಇನ್ನೊಂದು, ತಲೆಮಾರಿಗೆ ನೂರರಲ್ಲಿ 95ಕ್ಕೂ ಹೆಚ್ಚು ಸಲ ಹೆಸರೂ ರಕ್ತವೂ ಜೊತೆಗೇ ನಡೆದು ಬಂದಿವೆ, 700 ವರ್ಷ, ಪ್ಲೇಗು, ಯುದ್ಧ, ಕ್ಷಾಮ ಎಲ್ಲ ದಾಟಿ!

ಆಮೇಲೆ ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಸರ್‌ನೇಮ್ ತಗೊಂಡು ಇದನ್ನೇ ಇನ್ನೂ ದೊಡ್ಡದಾಗಿ ಮಾಡಿದ್ರು, 2009ರಲ್ಲಿ ಪ್ರಕಟಿಸಿದ್ರು. ಅಪರೂಪದ ಹೆಸರುಗಳಲ್ಲಿ ಹೆಚ್ಚಿನವರದ್ದು ಒಂದೇ ವೈ. ಟಿವಿಲಿ ಕಾಡುಪ್ರಾಣಿಗಳ ಬಗ್ಗೆ ಹೇಳ್ತಾರಲ್ಲ ಡೇವಿಡ್ ಅಟೆನ್‌ಬರೋ, ಆ ಅಟೆನ್‌ಬರೋಗಳೆಲ್ಲ ಹೆಚ್ಚುಕಮ್ಮಿ ಒಂದೇ ಕುಲ. ಮತ್ತೆ ಸ್ಮಿತ್? ಇಬ್ಬರು ಸ್ಮಿತ್‌ಗಳನ್ನ ತಗೊಂಡ್ರೂ ಒಂದೇ, ರಸ್ತೇಲಿ ಹೋಗೋ ಯಾರೋ ಇಬ್ಬರನ್ನ ಹಿಡ್ಕೊಂಡ್ರೂ ಒಂದೇ. ನಾನು ಮೊದಲೇ ಹೇಳಿದ್ದು ಇದನ್ನೇ. ಸೈಕ್ಸ್ ಒಂದು ಸಲ ಹುಟ್ಟಿತು, ಇವತ್ತಿಗೂ ಸಾವಿರಗಳ ಲೆಕ್ಕದಲ್ಲಿದೆ. ಸ್ಮಿತ್ ಸಾವಿರಾರು ಸಲ ಹುಟ್ಟಿತು, ಲಕ್ಷಗಳ ಲೆಕ್ಕದಲ್ಲಿದೆ.

ಸಮಯ ಬೇಗ ಓಡ್ತಿದೆ, ಈಗಿನ ಲೆಕ್ಕ ಹೇಳಿಬಿಡ್ತೀನಿ. 1881ರ ಜನಗಣತಿಲಿ ಬ್ರಿಟನ್ನಲ್ಲಿ ಸ್ಮಿತ್‌ಗಳು 4 ಲಕ್ಷಕ್ಕೂ ಹೆಚ್ಚು, ಅಂದ್ರೆ ನೂರು ಜನ ನಿಂತ್ರೆ ಅದರಲ್ಲಿ ಒಬ್ಬ ಸ್ಮಿತ್ ಗ್ಯಾರಂಟಿ. ಈಗ 5 ಲಕ್ಷ ದಾಟಿದೆ, ಆದ್ರೆ ದೇಶದ ಜನಸಂಖ್ಯೆ ಆಗಿಗಿಂತ ದುಪ್ಪಟ್ಟಾಗಿದೆ, ನಮ್ಮ ಪಟೇಲ್, ಸಿಂಗ್, ಖಾನ್ ಎಲ್ಲ ಅಲ್ಲಿಗೆ ಹೋಗಿ ಸೇರಿದ್ದಾರೆ, ಹಾಗಾಗಿ ಸ್ಮಿತ್‌ನ ಪಾಲು ಇಳಿದಿದೆ. ಆದ್ರೂ ಇಂಗ್ಲೆಂಡಲ್ಲಿ, ಸ್ಕಾಟ್ಲೆಂಡಲ್ಲಿ, ಆಸ್ಟ್ರೇಲಿಯಾದಲ್ಲಿ ಅದೇ ಮೊದಲನೇದು. ವೇಲ್ಸಲ್ಲಿ ಮಾತ್ರ ಜೋನ್ಸ್.

ಅಮೆರಿಕದಲ್ಲಿ 2010ರ ಜನಗಣತಿ ಪ್ರಕಾರ 24 ಲಕ್ಷಕ್ಕೂ ಹೆಚ್ಚು ಸ್ಮಿತ್‌ಗಳಿದ್ದಾರೆ, ಅಲ್ಲೂ ಮೊದಲನೇ ಸ್ಥಾನ. ಬ್ರಿಟನ್ನಿಂದ ಹಡಗು ಹತ್ತಿ ಹೋದೋರೇ ಇಷ್ಟಾದ್ರು ಅಂದ್ಕೋಬೇಡಿ. ಹೆಸರು ಅಲ್ಲಿ ಮತ್ತೆ ಹೊಸದಾಗಿ ಹುಟ್ಟಿದೆ. ಜರ್ಮನಿಯಿಂದ ಬಂದ ಶ್ಮಿಟ್ ಅಂದ್ರೂ ಕಮ್ಮಾರನೇ, ಅವರಲ್ಲಿ ಎಷ್ಟೋ ಜನ, ಅದರಲ್ಲೂ ಮೊದಲನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ಹೆಸರು ಇಟ್ಕೊಂಡು ಓಡಾಡೋದೇ ಕಷ್ಟ ಆದಾಗ, ಸ್ಮಿತ್ ಆದ್ರು. ಅಲ್ಲಿನ ಸ್ಮಿತ್‌ಗಳಲ್ಲಿ ಶೇಕಡಾ 23ರಷ್ಟು ಜನ ಕಪ್ಪು ಅಮೆರಿಕನ್ನರು. ಅವರ ಹಿರಿಯರನ್ನ ಆಫ್ರಿಕಾದಿಂದ ಹಿಡಿದು ತಂದು ಮಾರಿದ್ರು, ಸ್ವಂತ ಹೆಸರನ್ನೇ ಕಿತ್ಕೊಂಡ್ರು, 1865ರಲ್ಲಿ ಗುಲಾಮಗಿರಿ ಮುಗಿದ ಮೇಲೆ ಕಾಗದಪತ್ರಕ್ಕೆ ಒಂದು ಸರ್‌ನೇಮ್ ಬೇಕು ಅಂದಾಗ ಸುತ್ತಮುತ್ತ ಕೇಳಿಬರ್ತಿದ್ದ ಹೆಸರನ್ನ ಇಟ್ಕೊಂಡೋರು ಬಹಳ ಜನ. ಕೆರಿಬಿಯನ್ ದ್ವೀಪಗಳಲ್ಲೂ ಇದೇ ಕಥೆ. ಡ್ವೇನ್ ಸ್ಮಿತ್ ಬಾರ್ಬಡೋಸ್‌ನವರು, ಸ್ಟೀವ್ ಸ್ಮಿತ್ ಸಿಡ್ನಿಯವರು, ಹೆಸರು ನೋಡಿ ಇಬ್ಬರನ್ನ ಒಂದು ಮನೆಗೆ ಸೇರಿಸಿದ್ರೆ ಈ ಚರಿತ್ರೆನೇ ಅಳಿಸಿ ಹೋಗುತ್ತೆ, ಅದು ನನಗೆ ಸಹಿಸೋಕಾಗಲ್ಲ.

ಉತ್ತರ ಕರ್ನಾಟಕದ ಕೇಳುಗರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. ನಿಮ್ಮ ಕಡೆ ಕಮ್ಮಾರ, ಬಡಿಗೇರ, ಪತ್ತಾರ, ಕುಂಬಾರ, ಹೂಗಾರ ಎಲ್ಲ ಅಡ್ಡಹೆಸರುಗಳೇ. ಗದಗಿನ ಕಮ್ಮಾರರು ಬೇರೆ, ಕಲಬುರಗಿ ಕಮ್ಮಾರರು ಬೇರೆ, ಅಡ್ಡಹೆಸರು ಒಂದೇ ಅಂತ ಯಾರೂ ಒಂದೇ ಮನೆಯವರು ಅನ್ನಲ್ಲ. ಇನಿಷಿಯಲ್ ಹಾಕ್ಕೊಳ್ಳೋ ನಮ್ಮ ಮೈಸೂರು ಕಡೆಯವರಿಗೇ ಸರ್‌ನೇಮ್ ಅಂದ ಕೂಡ್ಲೆ ವಂಶ ಅಂತ ತಲೆಗೆ ಬರೋದು.

ಕೊನೇದಾಗಿ, ಇಂಗ್ಲೆಂಡಲ್ಲೋ ಅಮೆರಿಕದಲ್ಲೋ ಇರೋ ನಿಮ್ಮ ಮಕ್ಕಳು, ಸೊಸೆ ಅಳಿಯಂದಿರು ಇದ್ರೆ ಅವರಿಗೆ ಇದನ್ನ ಹೇಳಿ. ಅಂಗಡಿಗಳಲ್ಲಿ, ಇಂಟರ್ನೆಟ್ಟಲ್ಲಿ ಸ್ಮಿತ್ ವಂಶದ ಲಾಂಛನ ಅಂತ ಸಿಂಹ ಗುರಾಣಿ ಎಲ್ಲ ಅಚ್ಚು ಹಾಕಿದ ಲೋಟ, ಫಲಕ ಮಾರ್ತಾರೆ. ಸರ್‌ನೇಮಿಗೆ ಲಾಂಛನ ಅನ್ನೋದೇ ಇಲ್ಲ. ಲಂಡನ್ನಲ್ಲಿ ಲಾಂಛನ ಕೊಡೋ ಅಧಿಕೃತ ಸಂಸ್ಥೆ ಕಾಲೇಜ್ ಆಫ್ ಆರ್ಮ್ಸ್, ಅವರೇ ಹೇಳ್ತಾರೆ, ಲಾಂಛನ ಕೊಡೋದು ಒಬ್ಬ ವ್ಯಕ್ತಿಗೆ, ಅದು ಇಳಿಯೋದು ಅವನ ಸಂತತಿಗೆ ಮಾತ್ರ. ನಿಜವಾಗಿ ಮೂಲ ಹುಡುಕಬೇಕು ಅನ್ನೋರು ಹೆಸರು ಹಿಡ್ಕೊಂಡು ಹೋಗಬೇಡಿ, ಊರು ಹಿಡ್ಕೊಂಡು ಹೋಗಿ. 1837ರ ಜುಲೈಯಿಂದ ಇಂಗ್ಲೆಂಡಲ್ಲಿ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಇದೆ. ಅದಕ್ಕೂ ಹಿಂದಕ್ಕೆ ಹೋಗಬೇಕಾದ್ರೆ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮೇಲೆ ಶುರುವಾದ ಚರ್ಚಿನ ದಫ್ತರಗಳಿವೆ. ಅಜ್ಜನ ಹೆಸರು, ಚರ್ಚ್ ಇರೋ ಊರು, ವರ್ಷ, ಈ ಮೂರು ಸಿಕ್ಕಿದ್ರೆ ಆ ಒಬ್ಬ ಸ್ಮಿತ್ ಯಾವ ಊರಿನ ಕುಲುಮೆಯವನು ಅಂತ ಹುಡುಕೋಕೆ ದಾರಿ ಇದೆ. ಇಷ್ಟು ಹೊತ್ತು ಕೇಳಿದ್ರಿ, ನಮಸ್ಕಾರ.