ಸೈ ಯಂಗ್ ಯಾರಿಗೆ: ಗೆದ್ದ ತಂಡದ ಪಿಚರ್‌ಗಾ, ಸೋತ ತಂಡದ ಪಿಚರ್‌ಗಾ?

ನಮಸ್ಕಾರ ಎಲ್ಲರಿಗೂ. ಸೆಪ್ಟೆಂಬರ್ ಬಂತು ಅಂದ್ರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಎರಡು ಜಗಳ ಒಟ್ಟಿಗೇ ಶುರುವಾಗುತ್ತವೆ. ಪ್ಲೇಆಫ್‌ಗೆ, ಅಂದ್ರೆ ಸೀಸನ್ ಮುಗಿದ ಮೇಲಿನ ನಾಕ್‌ಔಟ್ ಸುತ್ತಿಗೆ, ಯಾರು ಹೋಗ್ತಾರೆ ಅನ್ನೋದು ಒಂದು. ಈ ವರ್ಷದ ಬೆಸ್ಟ್ ಪಿಚರ್ (ಚೆಂಡು ಎಸೆಯುವವರು, ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ) ಯಾರು, ಸೈ ಯಂಗ್ ಪ್ರಶಸ್ತಿ ಯಾರಿಗೆ ಅನ್ನೋದು ಇನ್ನೊಂದು. ಎರಡೂ ಬೇರೆ ಬೇರೆ ಪ್ರಶ್ನೆ. ಆದರೆ ಪ್ರತಿ ವರ್ಷ ಇವೆರಡನ್ನೂ ಕಲಸಿ, 'ತಂಡವನ್ನು ಪ್ಲೇಆಫ್‌ಗೆ ಕರ್ಕೊಂಡು ಹೋದವನೇ ಬೆಸ್ಟ್, ಸೋತ ತಂಡದಲ್ಲಿ ಎಷ್ಟು ಚೆನ್ನಾಗಿ ಎಸೆದರೆ ಏನು ಬಂತು' ಅಂತ ವಾದ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಈ ವಾದವನ್ನು ನಾನು ಒಪ್ಪಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ.

ಅದಕ್ಕೆ ಒಬ್ಬ ಆಟಗಾರರನ್ನು ಹಿಡ್ಕೊಂಡು ಹೋಗೋಣ. ಸಿ.ಸಿ. ಸಬಾಥಿಯಾ. ಎಡಗೈ ಪಿಚರ್, ಆಜಾನುಬಾಹು. ಈ ಜಗಳದಲ್ಲಿ ಒಮ್ಮೆ ಒಂದು ಕಡೆ, ಇನ್ನೊಮ್ಮೆ ಇನ್ನೊಂದು ಕಡೆ ನಿಂತವರು ಅವರು.

[ತೆರೆಯ ಮೇಲೆ: 2008, ಮಿಲ್ವಾಕೀ]

2008ರ ಜುಲೈ. ಮಿಲ್ವಾಕೀ ಬ್ರೂವರ್ಸ್ ತಂಡ 1982ರಿಂದ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. ಈ ಸಲ ಹೇಗಾದರೂ ಹೋಗಲೇಬೇಕು ಅಂತ ಕ್ಲೀವ್‌ಲ್ಯಾಂಡ್‌ನಿಂದ ಸಬಾಥಿಯಾ ಅವರನ್ನು ತಂದರು. ಅಲ್ಲಿಂದ ಸೀಸನ್ ಮುಗಿಯೋವರೆಗೆ ಅವರು ಎಸೆದದ್ದು 17 ಪಂದ್ಯ. 11 ಗೆಲುವು, 2 ಸೋಲು. ಇಆರ್‌ಎ 1.65. ಇಆರ್‌ಎ ಅಂದ್ರೆ, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಪಿಚರ್ 9 ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟರು ಅನ್ನೋ ಲೆಕ್ಕ. ಕಡಿಮೆ ಇದ್ದಷ್ಟೂ ಒಳ್ಳೆಯದು. 2ರ ಒಳಗೆ ಬಂತು ಅಂದ್ರೆ ಅಪರೂಪ. ಆ 17ರಲ್ಲಿ 7 ಪಂದ್ಯಗಳನ್ನು ಮೊದಲ ಎಸೆತದಿಂದ ಕೊನೆಯ ಔಟ್‌ವರೆಗೆ ಅವರೊಬ್ಬರೇ ಮುಗಿಸಿದರು.

ಸೆಪ್ಟೆಂಬರ್‌ನಲ್ಲಿ ಬ್ರೂವರ್ಸ್ ಮುಗ್ಗರಿಸಿತು. ಎಷ್ಟು ಕೆಟ್ಟದಾಗಿ ಅಂದ್ರೆ, 12 ಪಂದ್ಯ ಬಾಕಿ ಇರುವಾಗ ಮ್ಯಾನೇಜರ್‌ ಅವರನ್ನೇ ತೆಗೆದುಹಾಕಿದರು. ಆಗ ಸಬಾಥಿಯಾ ಏನು ಮಾಡಿದರು ನೋಡಿ. ಒಬ್ಬ ಸ್ಟಾರ್ಟಿಂಗ್ ಪಿಚರ್ ಒಮ್ಮೆ ಎಸೆದ ಮೇಲೆ ಸಾಮಾನ್ಯವಾಗಿ ನಾಲ್ಕು ದಿನ ವಿಶ್ರಾಂತಿ ಪಡೆಯುತ್ತಾರೆ. ಇವರು ಮೂರೇ ದಿನದ ವಿಶ್ರಾಂತಿಯಲ್ಲಿ ಎಸೆದರು, ಅದೂ ಒಂದರ ಹಿಂದೆ ಒಂದು ಮೂರು ಸಲ: ಸೆಪ್ಟೆಂಬರ್ 20, 24, 28. ಆ ಚಳಿಗಾಲದಲ್ಲಿ ಅವರ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಮುಂದೆ ಯಾಂಕೀಸ್ ಕೊಟ್ಟಿದ್ದು 7 ವರ್ಷಕ್ಕೆ 161 ಮಿಲಿಯನ್ ಡಾಲರ್. ಅಷ್ಟು ದೊಡ್ಡ ಹಣ ಕಣ್ಣೆದುರಿಗೆ ಇರುವಾಗ, ಬರೀ ಮೂರು ತಿಂಗಳ ಹಿಂದೆ ಬಂದು ಸೇರಿದ ತಂಡಕ್ಕಾಗಿ ತನ್ನ ತೋಳನ್ನೇ ಪಣಕ್ಕಿಟ್ಟರು.

28 ಕೊನೆಯ ದಿನ. ವೈಲ್ಡ್ ಕಾರ್ಡ್‌ಗೆ, ಅಂದ್ರೆ ತಮ್ಮ ಗುಂಪಿನಲ್ಲಿ ಮೊದಲು ಬರದ ತಂಡಗಳಲ್ಲಿ ಬೆಸ್ಟ್ ತಂಡಕ್ಕೆ ಆಗ ಸಿಗುತ್ತಿದ್ದ ಪ್ಲೇಆಫ್ ಜಾಗಕ್ಕೆ, ಬ್ರೂವರ್ಸ್ ಮತ್ತು ನ್ಯೂಯಾರ್ಕ್ ಮೆಟ್ಸ್ ಸಮಸಮ. ಎದುರಿಗೆ ಚಿಕಾಗೋ ಕಬ್ಸ್. ಸ್ಕೋರ್ 1-1. ಎಂಟನೇ ಇನಿಂಗ್ಸ್‌ನಲ್ಲಿ ರಯಾನ್ ಬ್ರೌನ್ ಎರಡು ರನ್‌ನ ಹೋಮ್‌ರನ್ ಹೊಡೆದರು, 3-1. ಒಂಬತ್ತನೇ ಇನಿಂಗ್ಸ್‌ಗೂ ಸಬಾಥಿಯಾ ಅವರೇ ಬಂದು, ಡಬಲ್ ಪ್ಲೇಯಲ್ಲಿ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಟ ಮುಗಿಸಿದರು. ಅತ್ತ ಮೆಟ್ಸ್ 4-2ರಲ್ಲಿ ಸೋತಿತು. 26 ವರ್ಷದ ನಂತರ ಮಿಲ್ವಾಕೀ ಪ್ಲೇಆಫ್‌ಗೆ!

ಇಷ್ಟು ಕೇಳಿದ ಮೇಲೆ 'ಇನ್ನೇನು ಬೇಕು, ಸೈ ಯಂಗ್ ಇವರಿಗೇ ಕೊಡಿ' ಅನ್ನಿಸುತ್ತೆ ಅಲ್ವಾ? ಸ್ವಲ್ಪ ತಾಳಿ. ಅದರ ಹಿಂದಿನ ದಿನಕ್ಕೆ ಹೋಗೋಣ.

ಸೆಪ್ಟೆಂಬರ್ 27. ನ್ಯೂಯಾರ್ಕ್. ಮೆಟ್ಸ್‌ನ ಯೋಹಾನ್ ಸಾಂಟಾನಾ. ಅವರೂ ಎಡಗೈ, ಅವರೂ ಮೂರೇ ದಿನದ ವಿಶ್ರಾಂತಿ. ಫ್ಲೋರಿಡಾ ಮಾರ್ಲಿನ್ಸ್ ವಿರುದ್ಧ ಒಂಬತ್ತೂ ಇನಿಂಗ್ಸ್ ಎಸೆದು, ಬರೀ ಮೂರು ಹಿಟ್ ಕೊಟ್ಟು, ಒಂದೂ ರನ್ ಬಿಡದೆ 2-0ಯಲ್ಲಿ ಗೆಲ್ಲಿಸಿದರು. ಆಮೇಲೆ ಗೊತ್ತಾಯ್ತು, ಅವರ ಎಡ ಮಂಡಿಯ ಒಳಗೆ ಮೆನಿಸ್ಕಸ್ ಹರಿದುಹೋಗಿತ್ತು. ಕೆಲವೇ ದಿನದಲ್ಲಿ ಆಪರೇಷನ್ ಆಯಿತು. ಹರಿದ ಮಂಡಿ ಮೇಲೆ ಶಟ್‌ಔಟ್!

ಮರುದಿನ ಸಾಂಟಾನಾ ಬೆಂಚ್ ಮೇಲೆ. ತಂಡ ಸೋತಿತು. ಸೀಸನ್ ಮುಗಿಯಿತು.

ಈಗ ಹೇಳಿ, ಸಬಾಥಿಯಾ ಪ್ಲೇಆಫ್‌ಗೆ ಹೋದರು, ಸಾಂಟಾನಾ ಹೋಗಲಿಲ್ಲ ಅಂದ ಮಾತ್ರಕ್ಕೆ 27ನೇ ತಾರೀಖಿನ ಆ ಆಟದ ಬೆಲೆ ಕಡಿಮೆಯಾಯಿತಾ? ಎರಡು ತಂಡಗಳ ನಡುವಿನ ಅಂತರ ಒಂದೇ ಒಂದು ಪಂದ್ಯ. ಅದನ್ನು ತೀರ್ಮಾನ ಮಾಡಿದ್ದು ಸಾಂಟಾನಾ ಮೈದಾನದಲ್ಲೇ ಇಲ್ಲದ ದಿನ. ಐದು ದಿನಕ್ಕೊಮ್ಮೆ ಆಡುವ ಒಬ್ಬ ಮನುಷ್ಯನನ್ನು, ಅವನು ಆಡದೇ ಇರೋ ನಾಲ್ಕು ದಿನಗಳ ಮೇಲೆ ಅಳೆದರೆ ಅದು ಯಾವ ನ್ಯಾಯ?

ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್, ಒಂದೊಂದಕ್ಕೂ ಬೇರೆ ಸೈ ಯಂಗ್. ಆ ವರ್ಷ ಬ್ರೂವರ್ಸ್, ಮೆಟ್ಸ್ ಇದ್ದ ನ್ಯಾಷನಲ್ ಲೀಗ್‌ನಲ್ಲಿ ಅದನ್ನು ಗೆದ್ದಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಟಿಮ್ ಲಿನ್ಸಿಕಮ್. ತಂಡ 72 ಗೆದ್ದು 90 ಸೋತಿತ್ತು, ಪ್ಲೇಆಫ್ ಹತ್ತಿರವೂ ಸುಳಿದಿರಲಿಲ್ಲ. ಆದರೆ ಲಿನ್ಸಿಕಮ್ ಇಡೀ ಸೀಸನ್ ಎಸೆದು 265 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ್ದರು. ಸಬಾಥಿಯಾ ಐದನೇ ಸ್ಥಾನ. ಅರ್ಧ ಸೀಸನ್ ಕ್ಲೀವ್‌ಲ್ಯಾಂಡ್ ಜೊತೆ ಬೇರೆ ಲೀಗ್‌ನಲ್ಲಿ ಕಳೆದಿದ್ದರಲ್ಲ.

[ತೆರೆಯ ಮೇಲೆ: 2010, ಸಬಾಥಿಯಾ 21-7, ಹೆರ್ನಾಂಡೆಜ್ 13-12]

ಎರಡು ವರ್ಷ ಬಿಟ್ಟು ಅದೇ ಸಬಾಥಿಯಾ ಈ ಜಗಳದ ಇನ್ನೊಂದು ಕಡೆ. ಈಗ ಯಾಂಕೀಸ್‌ನಲ್ಲಿ. 21 ಗೆಲುವು, 7 ಸೋಲು, ಇಆರ್‌ಎ 3.18. ತಂಡ ಟ್ಯಾಂಪಾ ಬೇ ರೇಸ್ ಜೊತೆ ಡಿವಿಷನ್‌ನ (ಲೀಗ್ ಒಳಗಿನ ಗುಂಪು) ಮೊದಲ ಸ್ಥಾನಕ್ಕಾಗಿ ಕೊನೆಯ ದಿನದವರೆಗೂ ಗುದ್ದಾಡುತ್ತಿತ್ತು. ರೇಸ್ 96 ಗೆಲುವು, ಯಾಂಕೀಸ್ 95. ಇನ್ನೊಂದು ಮೂಲೆಯಲ್ಲಿ ಸಿಯಾಟಲ್‌ನ ಫೆಲಿಕ್ಸ್ ಹೆರ್ನಾಂಡೆಜ್. 13 ಗೆಲುವು, 12 ಸೋಲು. ಇಆರ್‌ಎ ಮಾತ್ರ 2.27. ಸ್ಟ್ರೈಕ್‌ಔಟ್ 232.

ಅಷ್ಟು ಚೆನ್ನಾಗಿ ಎಸೆದವರಿಗೆ 12 ಸೋಲು ಯಾಕೆ? ಸಿಯಾಟಲ್ ಆ ವರ್ಷ 101 ಪಂದ್ಯ ಸೋತಿತು. ಇಡೀ ಸೀಸನ್‌ನಲ್ಲಿ ಗಳಿಸಿದ್ದು 513 ರನ್. ಪಿಚರ್ ಬದಲು ಇನ್ನೊಬ್ಬರು ಬ್ಯಾಟ್ ಮಾಡುವ ನಿಯಮ ಅಮೆರಿಕನ್ ಲೀಗ್‌ಗೆ ಬಂದಿದ್ದು 1973ರಲ್ಲಿ. ಅಲ್ಲಿಂದ 2010ರವರೆಗೆ ಪೂರ್ತಿ ಸೀಸನ್ ಆಡಿ ಇಷ್ಟು ಕಡಿಮೆ ರನ್ ಮಾಡಿದ ತಂಡ ಆ ಲೀಗ್‌ನಲ್ಲಿ ಇರಲಿಲ್ಲ. ಆ ನಿಯಮದಿಂದಾಗಿ ಹೆಚ್ಚಿನ ಪಂದ್ಯಗಳಲ್ಲಿ ಫೆಲಿಕ್ಸ್ ಬ್ಯಾಟ್ ಹಿಡಿದು ನಿಲ್ಲುವ ಹಾಗೂ ಇಲ್ಲ! ಸ್ಟಾರ್ಟಿಂಗ್ ಪಿಚರ್ ಹೆಸರಿಗೆ ಗೆಲುವು ಬರಬೇಕಾದರೆ ಅವರು ಕನಿಷ್ಠ 5 ಇನಿಂಗ್ಸ್ ಎಸೆದಿರಬೇಕು, ಬಿಟ್ಟು ಹೋಗುವಾಗ ತಂಡ ಮುಂದಿರಬೇಕು, ಆಮೇಲೆ ಬಂದವರು ಆ ಮುನ್ನಡೆ ಕಳೆಯಬಾರದು. ಮೊದಲನೆಯದು ಬಿಟ್ಟರೆ ಉಳಿದ ಎರಡೂ ಬೇರೆಯವರ ಕೈಲಿರೋ ವಿಷಯ. ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್ 20 ರನ್‌ಗೆ 5 ವಿಕೆಟ್ ತೆಗೆದು, ಅವರ ತಂಡ 70ಕ್ಕೆ ಆಲೌಟ್ ಆದಾಗ, ಆ ಸೋಲನ್ನು ಬೌಲರ್ ಲೆಕ್ಕಕ್ಕೆ ಬರೆದ ಹಾಗೆ ಇದು.

ಪತ್ರಕರ್ತರು ವೋಟ್ ಹಾಕಿದಾಗ 28ರಲ್ಲಿ 21 ಮೊದಲ ಸ್ಥಾನದ ವೋಟ್ ಫೆಲಿಕ್ಸ್‌ಗೆ ಬಿತ್ತು. ಸಬಾಥಿಯಾಗೆ 3. ಸರಿಯಾದ ತೀರ್ಮಾನ ಅದು. 511 ಪಂದ್ಯ ಗೆದ್ದು ದಾಖಲೆ ಮಾಡಿದವರು ಸೈ ಯಂಗ್. ಅವರ ಹೆಸರಿನ ಪ್ರಶಸ್ತಿಯನ್ನು ಬರೀ 13 ಗೆಲುವಿನವರಿಗೆ ಕೊಡೋದಾ ಅಂತ ಆಗ ಬೇಸರ ಮಾಡ್ಕೊಂಡವರೂ ಇದ್ದರು.

ಅದಾದ ಮೇಲೆ ಈ ವಿಷಯದಲ್ಲಿ ಜನರ ಮನಸ್ಸು ಬೇಗ ಬದಲಾಯಿತು. 2018ರಲ್ಲಿ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಆರ್‌ಎ 1.70, ಗೆಲುವು ಬರೀ 10, ಸೋಲು 9. ಏಪ್ರಿಲ್ 16ರ ಒಂದು ಪಂದ್ಯ ನೋಡಿ. ವಾಷಿಂಗ್ಟನ್ ವಿರುದ್ಧ 12 ಸ್ಟ್ರೈಕ್‌ಔಟ್ ಮಾಡಿದ್ದರು, ಎಂಟನೇ ಇನಿಂಗ್ಸ್‌ನಲ್ಲಿ ತಂಡ 6-1 ಮುಂದೆ. ಅವರು ಹೊರಗೆ ಹೋದ ಮೇಲೆ ಬುಲ್‌ಪೆನ್ (ಬದಲಿಗೆ ಬರುವ ಪಿಚರ್‌ಗಳು) ಕೈಕೊಟ್ಟು 8-6ರಲ್ಲಿ ಸೋಲು! ವಾಷಿಂಗ್ಟನ್‌ನ ಮ್ಯಾಕ್ಸ್ ಶೆರ್ಜರ್ ಆ ವರ್ಷ 18 ಪಂದ್ಯ ಗೆದ್ದು 300 ಸ್ಟ್ರೈಕ್‌ಔಟ್ ಮಾಡಿದರು. ಆದರೂ 30ರಲ್ಲಿ 29 ವೋಟ್ ಡಿಗ್ರಾಮ್‌ಗೆ.

'ಸೆಪ್ಟೆಂಬರ್ ಪಂದ್ಯಕ್ಕೆ ತೂಕ ಜಾಸ್ತಿ' ಅನ್ನೋರಿಗೆ 2011 ನೆನಪಿಸ್ತೀನಿ. ಸೆಪ್ಟೆಂಬರ್ 3ಕ್ಕೆ ವೈಲ್ಡ್ ಕಾರ್ಡ್ ಪೈಪೋಟಿಯಲ್ಲಿ ಬಾಸ್ಟನ್ ರೆಡ್ ಸಾಕ್ಸ್, ರೇಸ್‌ಗಿಂತ 9 ಪಂದ್ಯ ಮುಂದೆ. ಆ ತಿಂಗಳು ಬಾಸ್ಟನ್ ಗೆದ್ದಿದ್ದು 7, ಸೋತಿದ್ದು 20. ಕೊನೆಯ ರಾತ್ರಿ ಅತ್ತ ಬಾಲ್ಟಿಮೋರ್‌ನಲ್ಲಿ ಬಾಸ್ಟನ್ 4-3ರಲ್ಲಿ ಸೋತು ಕೆಲವೇ ನಿಮಿಷ ಆಗಿತ್ತು. ಇತ್ತ 7-0 ಹಿಂದಿದ್ದ ರೇಸ್, ಇವಾನ್ ಲಾಂಗೋರಿಯಾ 12ನೇ ಇನಿಂಗ್ಸ್‌ನಲ್ಲಿ ಹೊಡೆದ ಹೋಮ್‌ರನ್‌ನಿಂದ ಗೆದ್ದುಬಿಟ್ಟಿತು. ಎಲ್ಲರೂ ಆ ರಾತ್ರಿಯನ್ನೇ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಬಾಸ್ಟನ್ ಆ ಸೀಸನ್ ಶುರು ಮಾಡಿದ್ದು ಸತತ 6 ಸೋಲಿನಿಂದ. ಕೊನೆಗೆ ಹಿಂದೆ ಬಿದ್ದಿದ್ದು ಒಂದೇ ಪಂದ್ಯದಿಂದ. ಆ ಆರರಲ್ಲಿ ಒಂದು ಗೆದ್ದಿದ್ದರೂ ಕೊನೆಗೆ ಎರಡೂ ತಂಡ ಸಮ. ಪಟ್ಟಿಯಲ್ಲಿ ಏಪ್ರಿಲ್ ಸೋಲಿಗೂ ಸೆಪ್ಟೆಂಬರ್ ಸೋಲಿಗೂ ಒಂದೇ ಬೆಲೆ. ಹಾಗಿದ್ದ ಮೇಲೆ ಪಿಚರ್ ಮೇ ತಿಂಗಳಲ್ಲಿ ಎಸೆದ ಇನಿಂಗ್ಸ್‌ಗೆ ಬೆಲೆ ಯಾಕೆ ಕಡಿಮೆ?

ಈ ಸೆಪ್ಟೆಂಬರ್‌ನಲ್ಲಿ ವಾದಕ್ಕೆ ಕೂತಾಗ ಗೆಲುವು-ಸೋಲಿನ ಅಂಕಣವನ್ನು ಕೈಯಿಂದ ಮುಚ್ಚಿ. ಎಷ್ಟು ಇನಿಂಗ್ಸ್ ಎಸೆದರು, ಎಷ್ಟು ರನ್ ಕೊಟ್ಟರು, ಸ್ಟ್ರೈಕ್‌ಔಟ್ ಎಷ್ಟು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಎಷ್ಟು, ಎದುರಿಗಿದ್ದ ತಂಡ ಎಂಥದ್ದು, ಆಡಿದ ಮೈದಾನದಲ್ಲಿ ಸುಮ್ನೆ ಹೊಡೆದರೂ ಹೋಮ್‌ರನ್ ಆಗುತ್ತಾ, ಇದನ್ನು ನೋಡಿ. ಪತ್ರಕರ್ತರು ವೋಟ್ ಕೊಡೋದು ಪ್ಲೇಆಫ್ ಶುರುವಾಗೋದಕ್ಕೆ ಮುಂಚೆ. ಹಾಗಾಗಿ ಅಕ್ಟೋಬರ್‌ನಲ್ಲಿ ಏನಾಗುತ್ತೋ ಅದು ಲೆಕ್ಕಕ್ಕೇ ಬರಲ್ಲ.

2008ರಲ್ಲಿ ಒಂದು ವೋಟಿನಲ್ಲಿ ಮೂರೇ ಹೆಸರು ಬರೆಯಬೇಕಿತ್ತು. ನಾನಾಗಿದ್ದರೆ ಲಿನ್ಸಿಕಮ್, ಸಾಂಟಾನಾ, ಸಬಾಥಿಯಾ, ಇದೇ ಕ್ರಮದಲ್ಲಿ ಬರೆಯುತ್ತಿದ್ದೆ. 22 ಪಂದ್ಯ ಗೆದ್ದು ಎರಡನೇ ಸ್ಥಾನ ಪಡೆದ ಅರಿಜೋನಾದ ಬ್ರಾಂಡನ್ ವೆಬ್ ನನ್ನ ಪಟ್ಟಿಯಲ್ಲಿ ಇಲ್ಲ. ನಿಮ್ಮ ಮೂರು ಹೆಸರು ಯಾವುದು, ಯಾಕೆ ಅಂತ ಬರೆದು ಕಳಿಸಿ. ಮುಂದಿನ ವಿಡಿಯೋದಲ್ಲಿ ಅದನ್ನೇ ಇಟ್ಕೊಂಡು ಮಾತಾಡೋಣ.